ಒಡೆದ ಪಾರ್ಸೆಲ್: ಹಣವನ್ನು ಯಾರ ಬಳಿ ಕೇಳಬೇಕು?

ಆನ್‌ಲೈನ್‌ನಲ್ಲಿ ಮಾರಿದ ವಸ್ತು ಒಡೆದು ತಲುಪಿತೆಂದು ಗ್ರಾಹಕರು ದೂರಿದಾಗ ಬೀದರ್, ಕಲಬುರಗಿ ಕಡೆಯ ಸಣ್ಣ ಮಾರಾಟಗಾರರು ಬರೆಯುವ ಉತ್ತರ ಬಹುಮಟ್ಟಿಗೆ ಒಂದೇ ಆಗಿರುತ್ತದೆ: ‘ನಾವು ಮಾಲನ್ನು ಸರಿಯಾಗಿಯೇ ಕಳಿಸಿದ್ದೇವೆ, ಕೊರಿಯರ್‌ಗೆ ಒಪ್ಪಿಸಿದ ಮೇಲೆ ನಮ್ಮ ಜವಾಬ್ದಾರಿ ಇಲ್ಲ.’ ಬೀದರಿನಲ್ಲಿ ವಕೀಲಿ ಮಾಡುವ ನಾನು ಇಂತಹ ಉತ್ತರಗಳನ್ನು ಕಡತದಲ್ಲಿ ಓದುವಾಗ ಕಾಣುವುದಿಷ್ಟು. ಮೊದಲ ಮಾತು ನಿಜವಿದ್ದರೂ ಅದಕ್ಕೆ ಆಧಾರ ಇಟ್ಟುಕೊಂಡಿರುವುದಿಲ್ಲ, ಎರಡನೆಯ ಮಾತು ಕಾನೂನಿನ ಮುಂದೆ ನಿಲ್ಲುವುದಿಲ್ಲ. ಮೇಲಾಗಿ ಇವೆರಡನ್ನೂ ಹೇಳುತ್ತಿರುವುದು ಗ್ರಾಹಕರಿಗೆ. ಮಾರಾಟಗಾರರು ತಮ್ಮ ನಷ್ಟವನ್ನು ವಸೂಲು ಮಾಡಬೇಕಾದದ್ದು ಬೇರೆಯವರಿಂದ.

ಒಂದು ಪಾರ್ಸೆಲ್ ಒಡೆದಾಗ ಮೂರು ಬೇರೆ ಬೇರೆ ಲೆಕ್ಕಗಳು ಹುಟ್ಟಿಕೊಳ್ಳುತ್ತವೆ. ಗ್ರಾಹಕರೊಂದಿಗಿನದು ಒಂದು, ಮಾರಾಟ ವೇದಿಕೆಯೊಂದಿಗಿನದು (ಅಮೆಜಾನ್, ಫ್ಲಿಪ್‌ಕಾರ್ಟ್‌ನಂಥ ತಾಣ) ಇನ್ನೊಂದು, ಮಾಲು ಸಾಗಿಸಿದವರೊಂದಿಗಿನದು ಮೂರನೆಯದು. ಮೊದಲನೆಯದರಲ್ಲಿ ಮಾರಾಟಗಾರರು ಗೆಲ್ಲುವುದು ಅಪರೂಪ. ಉಳಿದೆರಡರಲ್ಲಿ ಗೆಲ್ಲಲು ಸಾಧ್ಯವಿದ್ದವರು ಮೊದಲನೆಯದರಲ್ಲೇ ಜಗಳವಾಡುತ್ತ ಕೂತು, ಉಳಿದೆರಡರ ಅವಧಿಯನ್ನು ಕಳೆದುಕೊಳ್ಳುತ್ತಾರೆ.

ಮಾಲನ್ನು ಸಾಗಣೆದಾರರಿಗೆ ಒಪ್ಪಿಸಿದರೆ ಖರೀದಿದಾರರಿಗೇ ಒಪ್ಪಿಸಿದಂತೆ ಎಂಬ ಅರ್ಥದ ಮಾತು 1930ರ ಸರಕು ಮಾರಾಟ ಕಾಯಿದೆಯ 39ನೆಯ ಕಲಮಿನಲ್ಲಿ ಇರುವುದು ನಿಜ. ಆದರೆ ಅದು ಮೇಲ್ನೋಟಕ್ಕೆ ಮಾಡಿಕೊಳ್ಳುವ ಊಹೆ ಮಾತ್ರ. ಮಾಲಿನ ಸ್ವರೂಪಕ್ಕೆ ತಕ್ಕಂತಹ ಸಾಗಣೆ ಒಪ್ಪಂದವನ್ನು ಮಾರಾಟಗಾರರು ಮಾಡಿಕೊಳ್ಳದೆ, ಮಾಲು ದಾರಿಯಲ್ಲಿ ಹಾಳಾದರೆ ಆ ಒಪ್ಪಿಸುವಿಕೆಯನ್ನು ಖರೀದಿದಾರರು ತಿರಸ್ಕರಿಸಬಹುದೆಂದು ಅದೇ ಕಲಮು ಮುಂದೆ ಹೇಳುತ್ತದೆ. ಅದರ ಮೇಲೆ 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕರ ಸಂರಕ್ಷಣೆ (ಇ-ವಾಣಿಜ್ಯ) ನಿಯಮಗಳಿವೆ. ವಸ್ತು ದೋಷಯುಕ್ತವಾಗಿದ್ದರೆ, ಅಥವಾ ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದಿದ್ದರೆ, ಅದನ್ನು ಹಿಂದಕ್ಕೆ ಪಡೆಯಲು ಅಥವಾ ಹಣ ಮರಳಿಸಲು ಮಾರಾಟಗಾರರು ನಿರಾಕರಿಸುವಂತಿಲ್ಲ ಎಂದು ಅವುಗಳ 6ನೆಯ ನಿಯಮ ಹೇಳುತ್ತದೆ. ದಾರಿಯಲ್ಲಿ ಆದ ಹಾನಿ ‘ದೋಷ’ವೇ ಎಂದು ವಾದಿಸಲು ಅವಕಾಶ ಇದೆಯಾದರೂ, ಎರಡು ಸಾವಿರ ರೂಪಾಯಿಯ ಹೂದಾನಿಗಾಗಿ ಆ ವಾದವನ್ನು ಹೂಡಿ ಎಂದು ನಾನು ಯಾರಿಗೂ ಸಲಹೆ ಕೊಡುವುದಿಲ್ಲ. ವೇದಿಕೆಯಿಲ್ಲದೆ ಇನ್‌ಸ್ಟಾಗ್ರಾಂ, ವಾಟ್ಸಾಪ್ ಮೂಲಕವೇ ಮಾರುವವರು ಈ ನಿಯಮಗಳು ತಮಗಲ್ಲ ಎಂದುಕೊಂಡಿರುತ್ತಾರೆ. ಆದರೆ ವೃತ್ತಿಯಾಗಿ, ನಿಯತವಾಗಿ ಮಾರದೆ ಕೇವಲ ವೈಯಕ್ತಿಕ ನೆಲೆಯಲ್ಲಿ ಮಾರುವ ವ್ಯಕ್ತಿಗೆ ಮಾತ್ರ ವಿನಾಯಿತಿ ಇದೆ; ದಿನವೂ ಆರ್ಡರ್ ಪಡೆಯುವವರು ಅದರೊಳಗೆ ಬರುವುದಿಲ್ಲ.

ಎರಡನೆಯ ಲೆಕ್ಕಕ್ಕೆ ಬರುತ್ತೇನೆ. ವೇದಿಕೆಯ ಮುಂದೆ ಕೇಳಬೇಕಾದ ಪ್ರಶ್ನೆ ‘ಒಡೆದಿದೆಯೇ’ ಎಂಬುದಲ್ಲ, ‘ಯಾರ ವಶದಲ್ಲಿದ್ದಾಗ ಒಡೆಯಿತು’ ಎಂಬುದು. ಮಾಲು ವೇದಿಕೆಯದೇ ಗೋದಾಮಿನಲ್ಲಿದ್ದು ಅಲ್ಲಿಂದಲೇ ಹೊರಟಿದ್ದರೆ ಮಾರಾಟಗಾರರ ಕೈ ಅದಕ್ಕೆ ತಾಗಿದ್ದು ಬಹಳ ಹಿಂದೆ. ಮಾರಾಟಗಾರರ ಅಂಗಡಿಯಿಂದ ವೇದಿಕೆಯ ಸಾಗಣೆದಾರರು ಒಯ್ದಿದ್ದರೆ ಒಪ್ಪಿಸಿದ ಕ್ಷಣದ ಸ್ಥಿತಿಯೇ ಮುಖ್ಯ. ಮಾರಾಟಗಾರರು ತಾವೇ ಕೊರಿಯರ್ ಗೊತ್ತುಮಾಡಿದ್ದರೆ ವೇದಿಕೆ ಆ ಹೊಣೆಯಿಂದ ಬಹುತೇಕ ದೂರ ನಿಲ್ಲುತ್ತದೆ. ಅಮೆಜಾನ್‌ನ ಸೇಫ್-ಟಿ ಕ್ಲೇಮ್, ಫ್ಲಿಪ್‌ಕಾರ್ಟ್‌ನ ಎಸ್‌ಪಿಎಫ್ ಕ್ಲೇಮ್ ಇರುವುದು ರಿಟರ್ನ್ ಆದ ಮಾಲಿನ ನಷ್ಟವನ್ನು ಮಾರಾಟಗಾರರು ಕೇಳಿಕೊಳ್ಳುವುದಕ್ಕಾಗಿಯೇ. ಇವುಗಳ ಅವಧಿ ಕಡಿಮೆ, ಷರತ್ತುಗಳು ಆಗಾಗ ಬದಲಾಗುತ್ತವೆ. ಆದ್ದರಿಂದ ಕ್ಲೇಮ್ ಹಾಕುವ ದಿನ ಜಾರಿಯಲ್ಲಿದ್ದ ಷರತ್ತಿನ ಪುಟವನ್ನು ದಿನಾಂಕ ಸಹಿತ ಉಳಿಸಿಕೊಳ್ಳಬೇಕು. ಆರು ತಿಂಗಳ ನಂತರ ಆ ಪುಟ ಅದೇ ರೂಪದಲ್ಲಿ ಸಿಗುವ ಭರವಸೆ ಇಲ್ಲ.

ಈ ಕ್ಲೇಮ್‌ಗಳು ತಿರಸ್ಕೃತವಾಗಲು ಸಾಮಾನ್ಯ ಕಾರಣ ಸಾಕ್ಷ್ಯದ ಸ್ವರೂಪ. ಪ್ಯಾಕ್ ಮಾಡುವ ಮೊದಲು ವಸ್ತುವಿನ ಚೆಂದದ ಫೋಟೊ ತೆಗೆದಿರುತ್ತಾರೆ, ಆದರೆ ಅದೇ ವಸ್ತು ಅದೇ ಪೆಟ್ಟಿಗೆಯೊಳಗೆ ಹೋಯಿತೆಂಬುದನ್ನು ತೋರಿಸುವ ಏನೂ ಇರುವುದಿಲ್ಲ. ವಸ್ತುವನ್ನು ತಿರುಗಿಸಿ ತೋರಿಸುವುದರಿಂದ ಹಿಡಿದು ಪೆಟ್ಟಿಗೆಗೆ ಟೇಪ್ ಹಚ್ಚಿ, ಲೇಬಲ್ ಅಂಟಿಸಿ, ತೂಕದ ಯಂತ್ರದ ಮೇಲಿಡುವವರೆಗೆ ನಡುವೆ ಎಲ್ಲಿಯೂ ನಿಲ್ಲಿಸದ ಒಂದೇ ವಿಡಿಯೊ ಬೇಕು, ಮತ್ತು ಆ ವಿಡಿಯೊದಲ್ಲಿ ಲೇಬಲ್‌ನ ಎಡಬ್ಲ್ಯುಬಿ ಸಂಖ್ಯೆ (ಪಾರ್ಸೆಲನ್ನು ಗುರುತಿಸುವ ಕೊರಿಯರ್ ಸಂಖ್ಯೆ) ಓದಲು ಬರಬೇಕು. ರಿಟರ್ನ್ ಬಂದಾಗ ಬಿಚ್ಚುವುದೂ ಹಾಗೆಯೇ: ಮುಚ್ಚಿದ ಪೆಟ್ಟಿಗೆಯ ಆರೂ ಬದಿಗಳು, ತೂಕ, ಆಮೇಲೆ ಒಳಗಿನದು. ಹೋಗುವಾಗಿನ ತೂಕಕ್ಕೂ ಬರುವಾಗಿನ ತೂಕಕ್ಕೂ ದೊಡ್ಡ ವ್ಯತ್ಯಾಸವಿದ್ದರೆ ಬೇರೆಯದೇ ವಸ್ತು ಬಂದಿದೆ ಎಂಬ ವಾದಕ್ಕೆ ಅದಕ್ಕಿಂತ ಗಟ್ಟಿಯಾದ ಆಧಾರ ಬೇರೆ ಬೇಕಿಲ್ಲ. ವಿಡಿಯೊದ ಮೂಲ ಕಡತವನ್ನು (ಫೈಲನ್ನು) ಫೋನಿನಿಂದ ನೇರವಾಗಿ ಕಂಪ್ಯೂಟರ್‌ಗೆ ಇಳಿಸಿಟ್ಟುಕೊಳ್ಳಿ. ವಾಟ್ಸಾಪ್‌ನಲ್ಲಿ ವಿಡಿಯೊ ಆಗಿ ಕಳಿಸಿದ ಪ್ರತಿ ಸಂಕುಚಿತಗೊಂಡಿರುತ್ತದೆ, ಮೂಲ ಕಡತದಲ್ಲಿದ್ದ ವಿವರಗಳು ಅದರಲ್ಲಿ ಉಳಿಯುವುದಿಲ್ಲ. ಮುಂದೆ ನ್ಯಾಯಾಲಯದವರೆಗೆ ಹೋದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ಡಿಜಿಟಲ್ ಸಾಕ್ಷ್ಯಕ್ಕೆ ಪ್ರಮಾಣಪತ್ರ ಬೇಕಾಗುತ್ತದೆ. ಅದರಲ್ಲಿ ಕಡತದ ಹ್ಯಾಶ್ ಮೌಲ್ಯವನ್ನೂ (ಕಡತದಿಂದಲೇ ಲೆಕ್ಕಹಾಕುವ, ಅದರ ಬೆರಳಚ್ಚಿನಂಥ ಸಂಕೇತ) ನಮೂದಿಸಬೇಕಾಗಿರುವುದರಿಂದ, ಮೂಲ ಕಡತವೇ ಇಲ್ಲದವರು ಇಕ್ಕಟ್ಟಿಗೆ ಸಿಲುಕುತ್ತಾರೆ.

ಬಿದ್ರಿ ಸಾಮಾನಿನ ವಿಷಯದಲ್ಲಿ ಇನ್ನೊಂದು ತೊಡಕಿದೆ. ನೋಡಲು ಲೋಹ, ಕೈಗೆ ಭಾರ, ಆದ್ದರಿಂದ ಒಡೆಯಲಾರದು ಎಂದು ವೇದಿಕೆಯ ಪರಿಶೀಲಕರು ಭಾವಿಸುತ್ತಾರೆ. ಕೆಲವೊಮ್ಮೆ ಮಾರುವವರೇ ಹಾಗೆ ಭಾವಿಸಿ ತೆಳುವಾದ ಬಬಲ್ ಹಾಳೆ ಸುತ್ತಿ ಕಳಿಸುತ್ತಾರೆ. ಬಿದ್ರಿಯ ಎರಕದಲ್ಲಿ ಸತುವಿನದೇ ಸಿಂಹಪಾಲು. 16 ಪಾಲು ಸತುವಿಗೆ 1 ಪಾಲು ತಾಮ್ರ ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಇಂತಹ ಎರಕ ಹಿತ್ತಾಳೆಯಂತೆ ತಗ್ಗು ಬಿದ್ದು ಸುಮ್ಮನಾಗುವುದಿಲ್ಲ, ಪೆಟ್ಟು ಬಿದ್ದಲ್ಲಿ ಬಿರುಕು ಬಿಡುತ್ತದೆ, ಅದರಲ್ಲೂ ಹೂಜಿಯ ಕತ್ತು ಮತ್ತು ಹಿಡಿಕೆಯ ಬೆಸುಗೆ. ಈ ಸಂಗತಿಯನ್ನು ಕ್ಲೇಮ್‌ನಲ್ಲಿ ಎರಡು ಸಾಲಿನಲ್ಲಿ ವಿವರಿಸಬೇಕು. ಇಲ್ಲದಿದ್ದರೆ ‘ಲೋಹದ ವಸ್ತು ಸಾಗಣೆಯಲ್ಲಿ ಒಡೆಯುವ ಸಾಧ್ಯತೆ ಇಲ್ಲ, ತಯಾರಿಕೆಯ ದೋಷವಿರಬೇಕು’ ಎಂಬ ಸಿದ್ಧ ಉತ್ತರ ಬರುತ್ತದೆ. ಬಿರುಕಿನ ಒಳಮೈಯ ಹತ್ತಿರದ ಫೋಟೊ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದ ಮಿಶ್ರಣದಿಂದ ಕಪ್ಪು ಬಣ್ಣ ಬರಿಸುವುದು ಕೆಲಸದ ಕೊನೆಯ ಹಂತದಲ್ಲಿ. ಹಾಗಾಗಿ ಬಿರುಕಿನ ಒಳಗೂ ಕಪ್ಪು ಕೂತಿದ್ದರೆ ಅದು ಹೊರಡುವ ಮೊದಲೇ ಇದ್ದ ಬಿರುಕು, ಮತ್ತು ಆಗ ಕ್ಲೇಮ್ ಹಾಕದಿರುವುದೇ ಲೇಸು. ಒಳಮೈ ಹೊಳೆಯುವ ಬೂದು ಬಣ್ಣದ್ದಾಗಿದ್ದು, ಅದರ ನೇರಕ್ಕೆ ಪೆಟ್ಟಿಗೆಯ ಮೂಲೆಯೂ ಜಜ್ಜಿದ್ದರೆ ನಿಮ್ಮ ವಾದಕ್ಕೆ ಬಲವಿದೆ. ಪೆಟ್ಟಿಗೆಯ ಹೊರಮೈಯಲ್ಲಿ ಯಾವ ಗುರುತೂ ಇಲ್ಲದೆ ಒಳಗಿನದು ಒಡೆದಿದ್ದರೆ ಪ್ಯಾಕಿಂಗ್ ಸಾಲದಾಯಿತೆಂದು ಹೇಳುತ್ತಾರೆ, ಮತ್ತು ನಿಜ ಹೇಳಬೇಕೆಂದರೆ ಬಹಳ ಸಲ ಅವರ ಮಾತು ಸರಿಯಾಗಿರುತ್ತದೆ.

ಕಲಬುರಗಿಯಿಂದ ಜೋಳದ ಕಡಕ್ ರೊಟ್ಟಿ ಕಳಿಸುವ ಮಹಿಳಾ ಗುಂಪುಗಳ ಪ್ರಶ್ನೆ ಇದಕ್ಕಿಂತ ಭಿನ್ನ. ತಿನ್ನುವ ಪದಾರ್ಥ ಹಿಂದಕ್ಕೆ ಬಂದರೂ ಮಾರಲು ಬರುವುದಿಲ್ಲ, ರೊಟ್ಟಿಯ ಅಂಚು ಮುರಿಯುವುದನ್ನು ಪೂರ್ತಿ ತಪ್ಪಿಸಲೂ ಆಗುವುದಿಲ್ಲ. ಅಂಥವರು ಮಾಡಬೇಕಾದ ಕೆಲಸ ಮಾರಾಟದ ಪುಟದಲ್ಲೇ ಇದೆ: ಸಾಗಣೆಯಲ್ಲಿ ಕೆಲವು ರೊಟ್ಟಿಗಳು ಮುರಿಯಬಹುದೆಂಬುದನ್ನೂ, ಪೊಟ್ಟಣದ ಒಟ್ಟು ತೂಕಕ್ಕೇ ಬೆಲೆ ಎಂಬುದನ್ನೂ ಮೊದಲೇ ಸ್ಪಷ್ಟವಾಗಿ ಬರೆಯುವುದು. ಇಡೀ ರೊಟ್ಟಿಗಳ ಫೋಟೊ ಮಾತ್ರ ಹಾಕಿ ಈ ಸಾಲನ್ನು ಬಿಟ್ಟರೆ, ‘ತೋರಿಸಿದಂತೆ ಇಲ್ಲ’ ಎಂಬ ದೂರಿಗೆ ಉತ್ತರ ಇರುವುದಿಲ್ಲ.

ಮೂರನೆಯ ಲೆಕ್ಕ ಸಾಗಣೆದಾರರದು, ನಮ್ಮವರು ಅತಿ ಕಡಿಮೆ ಬಳಸುವಂಥದ್ದು. 2007ರ ರಸ್ತೆ ಸಾಗಣೆ ಕಾಯಿದೆ 2011ರ ಮಾರ್ಚ್ 1ರಂದು ಜಾರಿಗೆ ಬಂದಿತು, ಮತ್ತು ಮನೆಬಾಗಿಲಿಗೆ ತಲುಪಿಸುವ ಕೊರಿಯರ್ ಸಂಸ್ಥೆಗಳೂ ಅದರ ವ್ಯಾಪ್ತಿಯಲ್ಲಿವೆ. ನಷ್ಟವು ಸಾಗಣೆದಾರರ ನಿರ್ಲಕ್ಷ್ಯದಿಂದಲೇ ಆಯಿತೆಂದು ದಾವೆ ಹೂಡಿದವರು ಸಾಬೀತು ಮಾಡಬೇಕಿಲ್ಲ ಎಂಬುದು ಈ ಕಾಯಿದೆ ಕೊಡುವ ದೊಡ್ಡ ಅನುಕೂಲ. ಆದರೆ ಎರಡು ಬಾಗಿಲುಗಳನ್ನು ಅದು ಬಿಗಿಯಾಗಿ ಮುಚ್ಚಿದೆ. ಬುಕಿಂಗ್ ಮಾಡಿದ ದಿನದಿಂದ 180 ದಿನಗಳೊಳಗೆ ನಷ್ಟದ ಬಗ್ಗೆ ಲಿಖಿತ ನೋಟಿಸ್ ತಲುಪಿಸದಿದ್ದರೆ 16ನೆಯ ಕಲಮಿನ ಪ್ರಕಾರ ದಾವೆಯೇ ನಿಲ್ಲುವುದಿಲ್ಲ. ಅವಧಿ ಎಣಿಸುವುದು ಒಡೆದದ್ದು ಗೊತ್ತಾದ ದಿನದಿಂದಲ್ಲ ಎಂಬುದನ್ನು ಗಮನಿಸಬೇಕು. ಎರಡನೆಯದು ಪರಿಹಾರದ ಮಿತಿ. ಹೆಚ್ಚಿನ ಮೌಲ್ಯವನ್ನು ಮೊದಲೇ ಘೋಷಿಸದಿದ್ದರೆ ಸಾಗಣೆದಾರರ ಹೊಣೆ ಸಾಗಣೆ ಶುಲ್ಕದ ಹತ್ತು ಪಟ್ಟಿಗೆ ಸೀಮಿತ. ನೂರು ರೂಪಾಯಿ ಶುಲ್ಕ ಕೊಟ್ಟು ಎಂಟು ಸಾವಿರದ ಬಿದ್ರಿ ಹುಕ್ಕಾ ಕಳಿಸಿ, ಬೆಲೆಯ ಜಾಗದಲ್ಲಿ ಏನನ್ನೂ ಬರೆಯದೆ ಬಿಟ್ಟವರಿಗೆ ಸಾವಿರ ರೂಪಾಯಿಗಿಂತ ಹೆಚ್ಚು ಸಿಗುವ ದಾರಿ ಕಷ್ಟ. ಪೆಟ್ಟಿಗೆಯ ನಾಲ್ಕೂ ಕಡೆ ಅಂಟಿಸುವ ‘ನಾಜೂಕು ವಸ್ತು’ ಚೀಟಿಗಿಂತ ರಸೀದಿಯಲ್ಲಿ ಬರೆದ ಆ ಒಂದು ಅಂಕೆಗೆ ಬೆಲೆ ಹೆಚ್ಚು. ಕೊರಿಯರನ್ನು ವೇದಿಕೆಯೇ ಗೊತ್ತುಮಾಡಿದ್ದರೆ ಸಾಗಣೆ ಒಪ್ಪಂದವೂ ಅದರದೇ ಆಗಿರುವುದರಿಂದ, ನಿಮ್ಮ ಬೇಡಿಕೆ ವೇದಿಕೆಯ ಮೂಲಕವೇ ಹೋಗಬೇಕು.

ಸ್ವಂತ ವೆಬ್‌ಸೈಟಿನಲ್ಲಿ ಕಾರ್ಡ್ ಮೂಲಕ ಹಣ ಪಡೆಯುವವರು ಚಾರ್ಜ್‌ಬ್ಯಾಕ್ ಎಂಬ ಇನ್ನೊಂದು ಬಗೆಯ ತಕರಾರನ್ನು ಎದುರಿಸುತ್ತಾರೆ. ಗ್ರಾಹಕರು ನಿಮ್ಮನ್ನು ಕೇಳದೆ ತಮ್ಮ ಬ್ಯಾಂಕಿಗೆ ದೂರು ಕೊಡುತ್ತಾರೆ, ದೂರು ಪೇಮೆಂಟ್ ಗೇಟ್‌ವೇ ಮೂಲಕ ನಿಮಗೆ ಇಮೇಲ್ ಆಗಿ ಬರುತ್ತದೆ, ಉತ್ತರಿಸಲು ಕೆಲವೇ ದಿನಗಳಿರುತ್ತವೆ. ಉತ್ತರ ಕೊಡದಿದ್ದರೆ ಒಪ್ಪಿಕೊಂಡಂತೆಯೇ. ಈ ಇಮೇಲ್ ಎಷ್ಟೋ ಸಲ ಅಂಗಡಿ ತೆರೆಯುವಾಗ ಯಾರೋ ಮಾಡಿಕೊಟ್ಟು, ಆಮೇಲೆ ಯಾರೂ ನೋಡದ ವಿಳಾಸಕ್ಕೆ ಹೋಗುತ್ತಿರುತ್ತದೆ. ಉತ್ತರದಲ್ಲಿ ದೂರಿನ ಕಾರಣಕ್ಕಷ್ಟೇ ಉತ್ತರಿಸಬೇಕು: ‘ಹಾಳಾದ ವಸ್ತು’ ಎಂಬ ದೂರಿಗೆ ‘ತಲುಪಿಸಿದ್ದೇವೆ, ಒಟಿಪಿ ಇದೆ’ ಎಂದು ಬರೆದರೆ ಓದುವವರಿಗೆ ಅದರಿಂದ ಉಪಯೋಗವಿಲ್ಲ. ಬದಲಿ ಕಳಿಸಲು ಅಥವಾ ವಸ್ತು ಹಿಂದಕ್ಕೆ ತರಿಸಿಕೊಳ್ಳಲು ನೀವು ಸಿದ್ಧವಿದ್ದಿರಿ, ಗ್ರಾಹಕರು ಅದಕ್ಕೆ ಸ್ಪಂದಿಸಲಿಲ್ಲ ಎಂಬ ಸಂದೇಶಗಳ ಸರಣಿ ಇದ್ದರೆ ಅದು ಎಲ್ಲಕ್ಕಿಂತ ಮುಂದೆ ಬರಬೇಕು.

ವೇದಿಕೆ ಹಣ ತಡೆಹಿಡಿದಾಗ ಎಂಎಸ್‌ಎಂಇ (ಸಣ್ಣ, ಮಧ್ಯಮ ಉದ್ದಿಮೆಗಳ) ಕಾಯಿದೆಯ 45 ದಿನಗಳ ಪಾವತಿ ನಿಯಮವನ್ನು ಬಳಸಬಹುದೇ ಎಂದು ಕೇಳುವವರಿದ್ದಾರೆ. ಆ ನಿಯಮ ಖರೀದಿದಾರರ ವಿರುದ್ಧದ್ದು. ಮಾರುಕಟ್ಟೆ ಮಾದರಿಯ ವೇದಿಕೆ ನಿಮ್ಮ ಮಾಲನ್ನು ಖರೀದಿಸಿರುವುದಿಲ್ಲ. ಲೆಕ್ಕಪತ್ರದ ಕಡೆ, ರಿಫಂಡ್ ಆದ ಮಾರಾಟಕ್ಕೆ ಜಿಎಸ್‌ಟಿ ಕ್ರೆಡಿಟ್ ನೋಟ್ (ಬಿಲ್ಲಿನ ಮೊತ್ತ ಇಳಿಸುವ ಚೀಟಿ) ಮಾಡಿ, ಆ ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30ರೊಳಗೆ ತೋರಿಸಬೇಕು. ಒಡೆದ ಮಾಲನ್ನು ಬರೆದುಹಾಕಿದರೆ ಅದರ ಮೇಲಿನ ಇನ್‌ಪುಟ್ ಕ್ರೆಡಿಟ್ (ಖರೀದಿಯ ಮೇಲೆ ಕೊಟ್ಟ ತೆರಿಗೆಯ ಜಮೆ) ಉಳಿಯುವುದಿಲ್ಲ.

ಇಷ್ಟೆಲ್ಲದರ ನಂತರವೂ ಗ್ರಾಹಕರು ಗ್ರಾಹಕ ವ್ಯಾಜ್ಯಗಳ ಆಯೋಗಕ್ಕೆ ಹೋಗಬಹುದು. 2019ರ ಗ್ರಾಹಕರ ಸಂರಕ್ಷಣೆ ಕಾಯಿದೆಯಂತೆ ಅವರು ತಾವು ವಾಸಿಸುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದಾದ್ದರಿಂದ, ಬೀದರಿನ ಸಿದ್ದಿಕ್ ತಾಲೀಮ್ ಓಣಿಯ ಕುಶಲಕರ್ಮಿಗೆ ಗುವಾಹಟಿಯಿಂದ ನೋಟಿಸ್ ಬರುವುದು ಅಸಂಭವವಲ್ಲ. ದೂರ ಎಂಬ ಕಾರಣಕ್ಕೆ ಅದನ್ನು ಬದಿಗಿಡುವವರೇ ಹೆಚ್ಚು. ಉತ್ತರ ಸಲ್ಲಿಸಲು 30 ದಿನ, ಆಯೋಗ ಒಪ್ಪಿದರೆ ಇನ್ನೂ 15 ದಿನ. ಹಳೆಯ ಕಾಯಿದೆಯಲ್ಲಿದ್ದ ಇದೇ ಮಿತಿಯನ್ನು ಮೀರಿ ಸಮಯ ಕೊಡುವ ಅಧಿಕಾರ ಆಯೋಗಕ್ಕೆ ಇಲ್ಲವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಹೇಳಿದೆ. ಹಾಜರಾತಿಗೆ ವಿಡಿಯೊ ಕಾನ್ಫರೆನ್ಸ್ ಕೋರಿ ಅರ್ಜಿ ಹಾಕಲು ಕಾಯಿದೆಯಲ್ಲೇ ಅವಕಾಶವಿದೆ. ಆ ಅರ್ಜಿಯನ್ನು ಉತ್ತರದ ಜೊತೆಗೇ ಕಳಿಸಿ, ಮತ್ತು ನೋಟಿಸ್ ಕೈಗೆ ಬಂದ ದಿನಾಂಕವನ್ನು ಲಕೋಟೆಯ ಮೇಲೆ ಬರೆದು ಲಕೋಟೆಯನ್ನೂ ಕಡತದಲ್ಲಿ ಇಡಿ. ದಿನಗಳ ಎಣಿಕೆ ಶುರುವಾಗುವುದು ಆ ದಿನಾಂಕದಿಂದ.