ನಾಲ್ಕು ಪಾಯಿಂಟ್ ಎಲ್ಲಿ ಹೋಯಿತು ಅಂತ ಕೇಳುವ ಮೊದಲು

ಅಮೆರಿಕದಲ್ಲಿ ಅಧ್ಯಕ್ಷೀಯ ಪ್ರೈಮರಿಗಳ, ಅಂದರೆ ಪ್ರತಿ ಪಕ್ಷವೂ ತನ್ನ ಅಭ್ಯರ್ಥಿಯನ್ನು ಮತದಾರರಿಂದಲೇ ಆರಿಸಿಕೊಳ್ಳುವ ಚುನಾವಣೆಗಳ, ಹೊತ್ತು ಬಂತೆಂದರೆ ನನಗೆ ಬರುವ ಪ್ರಶ್ನೆ ಒಂದೇ. ಹೋದ ವಾರ ಇವನಿಗೆ ಶೇ. 28 ಇತ್ತು, ಈ ವಾರ 24 ಆಗಿದೆ, ಏನಾಯ್ತು? ಡಿಬೇಟಿನಲ್ಲಿ ತಡವರಿಸಿದ್ದಕ್ಕಾ? ಆ ಜಾಹೀರಾತಿನಿಂದಲಾ? ಹೀಗೆ ಕೇಳುವವರಲ್ಲಿ ಕ್ಲೈಂಟ್‌ಗಳೂ ಇರುತ್ತಾರೆ, ಕನ್ನಡ ಕೂಟದ ಸ್ನೇಹಿತರೂ ಇರುತ್ತಾರೆ. ಎಲ್ಲರಿಗೂ ಕಾರಣ ಬೇಕು. ಏನೂ ಆಗಿಲ್ಲದೆಯೂ ಇರಬಹುದು ಎಂದರೆ ಯಾರಿಗೂ ಸಮಾಧಾನವಿಲ್ಲ. ನಾನು ಏನೋ ಮುಚ್ಚಿಡುತ್ತಿದ್ದೇನೆ ಅಂದುಕೊಳ್ಳುತ್ತಾರೆ.

ಸಮೀಕ್ಷೆಗೆ ಸ್ಯಾಂಪಲ್ ಹಾಕುವುದು, ಬಂದ ಉತ್ತರಗಳಿಗೆ ತೂಕ ಕೊಟ್ಟು (ಕಡಿಮೆ ಸಿಕ್ಕ ಗುಂಪಿನವರ ಉತ್ತರವನ್ನು ಹೆಚ್ಚಾಗಿ, ಜಾಸ್ತಿ ಸಿಕ್ಕವರದ್ದನ್ನು ಕಡಿಮೆಯಾಗಿ ಎಣಿಸಿ) ಲೆಕ್ಕ ಕಟ್ಟುವುದು ನನ್ನ ಕೆಲಸ. ಸಾವಿರ ಜನರನ್ನು ಕೇಳಿ ದೇಶದ ಮಾತು ಹೇಳಬಹುದಾ ಎಂಬ ಹಳೆಯ ಪ್ರಶ್ನೆಗೆ ಇಲ್ಲಿ ಹೋಗುವುದಿಲ್ಲ. ಹೇಳಬಹುದು. ನನ್ನ ತಲೆನೋವು ಬೇರೆ. ಎರಡು ಸಮೀಕ್ಷೆಗಳ ನಡುವೆ ಕಾಣುವ ವ್ಯತ್ಯಾಸವನ್ನು ಜನ ನೇರವಾಗಿ ಮತದಾರರ ಮನಸ್ಸಿನ ಬದಲಾವಣೆ ಅಂತಲೇ ಓದಿಬಿಡುತ್ತಾರೆ. ಓದಿದವರು, ಎಂಜಿನಿಯರುಗಳು, ಆಡಿಟರುಗಳು ಕೂಡ.

ದಯವಿಟ್ಟು ಸ್ವಲ್ಪ ನಿಧಾನವಾಗಿ ಈ ಲೆಕ್ಕ ನೋಡಿ. ಟಿವಿ ಪರದೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಮಾರ್ಜಿನ್ ಆಫ್ ಎರರ್ 3 ಅಂತ ಬರುತ್ತದೆ. ಅಂದರೆ ಅಂಕಿ ಮೂರು ಪಾಯಿಂಟ್ ಮೇಲೂ ಇರಬಹುದು, ಕೆಳಗೂ ಇರಬಹುದು. ಅದು ಸಾವಿರ ಜನರ ಪೂರ್ತಿ ಸ್ಯಾಂಪಲ್‌ಗೆ ಹೇಳಿದ ಮಾತು. ಪ್ರೈಮರಿಯ ಪ್ರಶ್ನೆಯನ್ನು ಆ ಸಾವಿರ ಜನಕ್ಕೂ ಕೇಳಿರುವುದಿಲ್ಲ. ಆ ಪಕ್ಷದ ಪ್ರೈಮರಿಯಲ್ಲಿ ವೋಟ್ ಹಾಕುವ ಸಾಧ್ಯತೆ ಇರುವವರಿಗೆ ಮಾತ್ರ ಕೇಳಿರುತ್ತಾರೆ. ಸೋಸಿದ ಮೇಲೆ ಒಂದು 400 ಜನ ಉಳಿಯಬಹುದು. ಅಲ್ಲಿಗೆ 3 ಇದ್ದದ್ದು 5ರ ಹತ್ತಿರ ಹೋಯಿತು. ಈ 5 ಕೂಡ ಒಬ್ಬೊಬ್ಬ ಅಭ್ಯರ್ಥಿಯ ಅಂಕಿಗೆ. ಇಬ್ಬರ ನಡುವಿನ ಲೀಡ್‌ಗೆ ಅಲ್ಲ.

ಲೀಡ್‌ನ ಲೆಕ್ಕ ಬೇರೆ. ಸ್ಯಾಂಪಲ್‌ನಲ್ಲಿ ಒಬ್ಬನ ಕಡೆಯವರು ನಾಲ್ಕು ಜನ ಜಾಸ್ತಿ ಸಿಕ್ಕಿ, ಇನ್ನೊಬ್ಬನ ಕಡೆಯವರು ನಾಲ್ಕು ಜನ ಕಡಿಮೆ ಸಿಕ್ಕರೆ ಲೀಡ್ ಎಂಟು ಜನರಷ್ಟು ಸರಿಯುತ್ತದೆ. ಹಾಗಾಗಿ 400 ಜನರಲ್ಲಿ ಒಬ್ಬನಿಗೆ 28, ಇನ್ನೊಬ್ಬನಿಗೆ 24 ಬಂದರೆ ಆ 4 ಪಾಯಿಂಟ್ ಲೀಡ್‌ನ ಮಾರ್ಜಿನ್ ಸುಮಾರು 7. ನಿಜವಾದ ಲೀಡ್ 11 ಇದ್ದರೂ ಇರಬಹುದು, ಎರಡನೆಯವನೇ 3 ಪಾಯಿಂಟ್ ಮುಂದಿದ್ದರೂ ಇರಬಹುದು.

ಈಗ ಮುಂದಿನ ವಾರ ಬೇರೆ 400 ಜನರನ್ನು ಕೇಳಿದೆವು ಅನ್ನಿ. ಈ ಸಲ ಮೊದಲನೆಯವನಿಗೆ 24, ಎರಡನೆಯವನಿಗೆ 28. ಎಲ್ಲ ತಲೆಕೆಳಗು. ಲೀಡ್ ಒಂದೇ ವಾರದಲ್ಲಿ 8 ಪಾಯಿಂಟ್ ಪಲ್ಟಿ ಅಂತ ಟಿವಿಯಲ್ಲಿ ಎರಡು ದಿನ ಚರ್ಚೆ. ಆದರೆ ಮೊದಲ ಲೀಡ್‌ಗೆ ಅದರದ್ದೇ ತಪ್ಪು ಇದೆ, ಎರಡನೆಯದಕ್ಕೆ ಅದರದ್ದೇ. ಎರಡೂ ಸೇರುತ್ತವೆ. ನೇರವಾಗಿ 7ಕ್ಕೆ 7 ಕೂಡಿ 14 ಆಗುವುದಿಲ್ಲ, ಯಾಕೆಂದರೆ ಕೆಲವೊಮ್ಮೆ ಒಂದನ್ನೊಂದು ವಜಾ ಮಾಡುತ್ತವೆ. ಸುಮಾರು 10ಕ್ಕೆ ಬಂದು ನಿಲ್ಲುತ್ತದೆ. ತೂಕ ಕೊಡುವ ಲೆಕ್ಕ ಸೇರಿದರೆ ಇನ್ನೂ ಒಂದೆರಡು ಪಾಯಿಂಟ್ ಮೇಲೆ. 8 ಪಾಯಿಂಟ್ ಪಲ್ಟಿ, 10 ಪಾಯಿಂಟ್ ಮಾರ್ಜಿನ್. ಭತ್ತದ ಮೂಟೆ ತೂಗುವ ತಕ್ಕಡಿಯಲ್ಲಿ ಚಿನ್ನ ತೂಗಿ, ನಿನ್ನೆಗಿಂತ ಇವತ್ತು ಒಂದು ಗ್ರಾಂ ಕಮ್ಮಿಯಾಗಿದೆ ಅಂದ ಹಾಗಾಯಿತು.

ಇಷ್ಟು ಹೇಳಿದ ಮೇಲೆ ಕೆಲವರು ಇನ್ನೊಂದು ಹಳ್ಳಕ್ಕೆ ಬೀಳುತ್ತಾರೆ. ಮಾರ್ಜಿನ್ ಒಳಗೇ ಇದೆ, ಹಾಗಾದರೆ ಏನೂ ಬದಲಾಗಿಲ್ಲ ಅನ್ನುತ್ತಾರೆ. ನಾನು ಹಾಗೆ ಹೇಳಿಲ್ಲ. ಬದಲಾಗಿರಬಹುದು. ಈ ಎರಡು ಸಮೀಕ್ಷೆಗಳು ಅದನ್ನು ಹೇಳಲಾರವು ಅಷ್ಟೆ. ಹೇಳುವ ಶಕ್ತಿ ಬೇಕಾದರೆ ಇನ್ನೂ ಜಾಸ್ತಿ ಜನರನ್ನು ಕೇಳಬೇಕು. ತಪ್ಪನ್ನು ಅರ್ಧಕ್ಕೆ ಇಳಿಸಲು ನಾಲ್ಕು ಪಟ್ಟು ಜನ ಬೇಕು. ಅದಕ್ಕೆ ತಕ್ಕ ದುಡ್ಡೂ ಬೇಕು. ಆ ಮಾತು ಬಂದ ಕೂಡಲೇ ಮೀಟಿಂಗ್ ಮುಗಿಯುತ್ತದೆ.

ಒಬ್ಬ ಅಭ್ಯರ್ಥಿಯ ಪ್ರಚಾರದ ಉಸ್ತುವಾರಿ ನೋಡಿಕೊಳ್ಳುತ್ತಿದ್ದವರು ಒಮ್ಮೆ ಬೆಳಗ್ಗೆ ಬೆಳಗ್ಗೆ ಫೋನ್ ಮಾಡಿದರು. ವಾರದ ಅಂಕಿ 19ರಿಂದ 15ಕ್ಕೆ ಇಳಿದಿತ್ತು. ರಾತ್ರಿಯೇ ಒಂದು ಜಾಹೀರಾತನ್ನು ನಿಲ್ಲಿಸಿಬಿಟ್ಟಿದ್ದರು. ನಾನು ಆ ವಾರದ ಸ್ಯಾಂಪಲ್ ತೆಗೆದು ತೋರಿಸಿದೆ. ಫೋನ್ ಎತ್ತಿದವರಲ್ಲಿ ನಲವತ್ತೈದರ ಒಳಗಿನವರು ತೀರಾ ಕಮ್ಮಿ. ಇವರ ಅಭ್ಯರ್ಥಿಗೆ ಬೆಂಬಲ ಇದ್ದದ್ದೇ ಆ ವಯಸ್ಸಿನವರಲ್ಲಿ. ತೂಕ ಕೊಟ್ಟು ಸರಿಮಾಡಿದ್ದೆವು, ಆದರೂ ಸಿಕ್ಕ ಕೆಲವೇ ಜನರ ಮೇಲೆ ಇಡೀ ಗುಂಪಿನ ಭಾರ ಬಿದ್ದಿತ್ತು. ಒಂದು ವಾರ ತಾಳಿ ಸಾರ್ ಎಂದೆ. ಮುಂದಿನ ವಾರ ಅಂಕಿ 18ಕ್ಕೆ ಬಂತು. ಜಾಹೀರಾತು ತೆಗೆದದ್ದಕ್ಕೇ ಏರಿತು, ನೋಡಿದಿರಾ ಎಂದು ಅವರು ಖುಷಿಪಟ್ಟರು. ಒಳ್ಳೆಯ ಮನುಷ್ಯ, ರಾತ್ರಿ ಹಗಲು ದುಡಿಯುವವರು. ಆದರೆ ಆ ಜಾಹೀರಾತು ನಿಜಕ್ಕೂ ಚೆನ್ನಾಗಿತ್ತು. ಸುಮ್ನೆ ಹೋಯಿತಲ್ಲ ಅಂತ ನನಗೆ ಇವತ್ತಿಗೂ ಬೇಸರವಿದೆ.

ಯಾರು ಫೋನ್ ಎತ್ತುತ್ತಾರೆ ಎಂಬುದು ನಮ್ಮ ಕಸುಬಿನಲ್ಲಿ ದೊಡ್ಡ ವಿಷಯ. ಪ್ಯೂ ಸಂಶೋಧನಾ ಕೇಂದ್ರದ ಫೋನ್ ಸಮೀಕ್ಷೆಗಳಿಗೆ 1997ರಲ್ಲಿ ನೂರಕ್ಕೆ 36 ಜನ ಉತ್ತರ ಕೊಡುತ್ತಿದ್ದರು. 2012ರ ಹೊತ್ತಿಗೆ 9 ಆಯಿತು, 2018ರಲ್ಲಿ 6. ತಮ್ಮ ಅಭ್ಯರ್ಥಿಗೆ ಒಳ್ಳೆಯ ವಾರ ನಡೆದಿದ್ದರೆ ಜನ ಉತ್ಸಾಹದಿಂದ ಮಾತಾಡುತ್ತಾರೆ. ಕೆಟ್ಟ ವಾರವಾದರೆ ಆಮೇಲೆ ಮಾಡಿ ಅಂತ ಇಟ್ಟುಬಿಡುತ್ತಾರೆ. 2012ರ ಅಕ್ಟೋಬರ್ 3ರಂದು ಒಬಾಮ ಮತ್ತು ರಾಮ್ನಿ ನಡುವೆ ಮೊದಲ ಡಿಬೇಟ್ ಆಯಿತು. ಇದು ಪ್ರೈಮರಿ ಅಲ್ಲ, ಸಾರ್ವತ್ರಿಕ ಚುನಾವಣೆ. ಆದರೂ ಪಾಠ ಒಂದೇ. ರಾಮ್ನಿ ಸಮೀಕ್ಷೆಗಳಲ್ಲಿ ಧಡಕ್ಕನೆ ಮೇಲೇರಿದರು. ಎಕ್ಸ್‌ಬಾಕ್ಸ್ ಗೇಮ್ ಆಡುವವರಲ್ಲಿ ಅದೇ ಜನರನ್ನು ಮತ್ತೆ ಮತ್ತೆ ಕೇಳುತ್ತಿದ್ದ ಸಂಶೋಧಕರು ಆಮೇಲೆ ಲೆಕ್ಕ ಹಾಕಿ ನೋಡಿದರು. ಆ ಏರಿಕೆಯ ಬಹುಪಾಲು ಮನಸ್ಸು ಬದಲಿಸಿದವರಿಂದ ಬಂದದ್ದಲ್ಲ. ಆ ದಿನಗಳಲ್ಲಿ ಒಬಾಮ ಪಕ್ಷದ ಡೆಮಾಕ್ರಟರು ಉತ್ತರ ಕೊಡುವುದನ್ನೇ ಕಮ್ಮಿ ಮಾಡಿದ್ದರು.

ಹಾಗಂತ ಪ್ರೈಮರಿಯಲ್ಲಿ ಮನಸ್ಸು ಬದಲಾಗುವುದೇ ಇಲ್ಲ ಅಂತ ತಿಳಿಯಬೇಡಿ. ಸಾರ್ವತ್ರಿಕ ಚುನಾವಣೆಗಿಂತ ಎಷ್ಟೋ ಜಾಸ್ತಿ ಬದಲಾಗುತ್ತದೆ. ಎಲ್ಲರೂ ಒಂದೇ ಪಕ್ಷದವರು. ಮತದಾರರಿಗೆ ಮೂರು ನಾಲ್ಕು ಜನ ಒಟ್ಟಿಗೇ ಇಷ್ಟವಾಗಿರುತ್ತಾರೆ. ಒಬ್ಬನನ್ನು ಬಿಟ್ಟು ಇನ್ನೊಬ್ಬನಿಗೆ ಹೋದರೆ ಪಕ್ಷ ಬಿಟ್ಟ ಪಾಪವೂ ಇಲ್ಲ.

ಇದಕ್ಕೆ 2011–12ರ ರಿಪಬ್ಲಿಕನ್ ಸ್ಪರ್ಧೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಆಗಸ್ಟ್‌ನಲ್ಲಿ ರಿಕ್ ಪೆರಿ ಕಣಕ್ಕಿಳಿದರು, ಸ್ವಲ್ಪ ದಿನದಲ್ಲೇ ಮೊದಲ ಸ್ಥಾನ. ಅಕ್ಟೋಬರ್‌ನಲ್ಲಿ ಹರ್ಮನ್ ಕೇನ್. ನವೆಂಬರ್ ಕೊನೆಗೆ ನ್ಯೂಟ್ ಗಿಂಗ್ರಿಚ್. ಫೆಬ್ರವರಿಯಲ್ಲಿ ರಿಕ್ ಸ್ಯಾಂಟೋರಮ್. ಕೊನೆಗೆ ಟಿಕೆಟ್ ಸಿಕ್ಕಿದ್ದು ಮಿಟ್ ರಾಮ್ನಿಗೆ. ಈ ಏರಿಳಿತಗಳು ನಿಜ. ಯಾಕೆ ನಿಜ ಅನ್ನುತ್ತೇನೆಂದರೆ, ಒಂದು ಸಂಸ್ಥೆಯ ಒಂದು ಸಮೀಕ್ಷೆಯಲ್ಲಿ ಕಂಡದ್ದಲ್ಲ. ಬೇರೆ ಬೇರೆ ಸಂಸ್ಥೆಗಳು, ಬೇರೆ ಬೇರೆ ವಿಧಾನಗಳು, ಎಲ್ಲವೂ ಒಂದೇ ದಿಕ್ಕಿಗೆ, ಅದೂ ದೊಡ್ಡದಾಗಿ ಸರಿದವು.

ಅಯೋವಾ ರಾಜ್ಯದ ಕಾಕಸ್ (ಪ್ರೈಮರಿಯ ಬದಲು ಪಕ್ಷದವರು ಸಭೆ ಸೇರಿ ಆರಿಸುವ ಪದ್ಧತಿ) 2012ರ ಜನವರಿ 3ಕ್ಕೆ ಇತ್ತು. ಡೆ ಮೊಯ್ನ್ ರಿಜಿಸ್ಟರ್ ಪತ್ರಿಕೆಗೆ ಆ್ಯನ್ ಸೆಲ್ಜರ್ ಸಮೀಕ್ಷೆ ಮಾಡುತ್ತಿದ್ದರು. ನವೆಂಬರ್ ಕೊನೆಯಲ್ಲಿ ಅವರ ಪಟ್ಟಿಯಲ್ಲಿ ಸ್ಯಾಂಟೋರಮ್‌ಗೆ ಶೇ. 6. ಕೊನೆಯ ಸಮೀಕ್ಷೆ ಡಿಸೆಂಬರ್ 27ರಿಂದ 30ರವರೆಗೆ ನಾಲ್ಕು ದಿನ ನಡೆಯಿತು. ಒಟ್ಟು ಫಲಿತಾಂಶ ರಾಮ್ನಿ 24, ರಾನ್ ಪಾಲ್ 22, ಸ್ಯಾಂಟೋರಮ್ 15. ಇಷ್ಟನ್ನೇ ಕೊಟ್ಟು ಕೈತೊಳೆದುಕೊಳ್ಳಬಹುದಿತ್ತು. ಅವರು ಕೊನೆಯ ಎರಡು ದಿನಗಳ ಉತ್ತರಗಳನ್ನು ಬೇರೆ ಮಾಡಿಯೂ ತೋರಿಸಿದರು. ಅದರಲ್ಲಿ ಸ್ಯಾಂಟೋರಮ್ 21, ಪಾಲ್ 18. ನಾಲ್ಕು ದಿನದ ಸರಾಸರಿ 15 ಆಗಬೇಕಾದರೆ ಮೊದಲ ಎರಡು ದಿನ ಸ್ಯಾಂಟೋರಮ್ ಹತ್ತರ ಆಸುಪಾಸಿನಲ್ಲಿ ಇದ್ದಿರಬೇಕು. ಒಟ್ಟು ಸ್ಯಾಂಪಲ್ ಆರುನೂರರಷ್ಟು, ಅರ್ಧ ಮಾಡಿದರೆ ಮುನ್ನೂರು. ಇಷ್ಟು ಸಣ್ಣ ಗುಂಪುಗಳ ನಡುವೆಯೂ ಹತ್ತರಿಂದ ಇಪ್ಪತ್ತೊಂದಕ್ಕೆ ಜಿಗಿದರೆ ಅದನ್ನು ಬರೀ ಆಕಸ್ಮಿಕ ಅಂತ ತಳ್ಳಿಹಾಕಲು ಬರುವುದಿಲ್ಲ. ಕಾಕಸ್ ದಿನ ಸ್ಯಾಂಟೋರಮ್‌ಗೆ ಶೇ. 24.6 ಬಂತು. ಆ ರಾತ್ರಿ ರಾಮ್ನಿ 8 ವೋಟಿನಿಂದ ಗೆದ್ದರು ಅಂದರು. ಎರಡು ವಾರ ಕಳೆದ ಮೇಲೆ, ಅಲ್ಲ, ಸ್ಯಾಂಟೋರಮ್ 34 ವೋಟಿನಿಂದ ಮುಂದೆ ಅಂತ ಲೆಕ್ಕ ಬಂತು. ಆ 34ನ್ನು ಯಾವ ಸಮೀಕ್ಷೆಯಿಂದಲೂ ಮೊದಲೇ ಹೇಳಲಾಗುತ್ತಿರಲಿಲ್ಲ.

ಲೀಡ್ ಮಾತ್ರ ನೋಡುವವರಿಗೆ 2008ರ ನ್ಯೂ ಹ್ಯಾಂಪ್‌ಶೈರ್ ನೆನಪಿಸುತ್ತೇನೆ. ಅಯೋವಾದಲ್ಲಿ ಒಬಾಮ ಗೆದ್ದ ಐದು ದಿನಕ್ಕೆ ಅಲ್ಲಿ ಪ್ರೈಮರಿ. ಕೊನೆಯ ಸಮೀಕ್ಷೆಗಳ ಸರಾಸರಿಯಲ್ಲಿ ಒಬಾಮ ಸುಮಾರು 8 ಪಾಯಿಂಟ್ ಮುಂದಿದ್ದರು. ಗೆದ್ದದ್ದು ಹಿಲರಿ ಕ್ಲಿಂಟನ್, 39ಕ್ಕೆ 36. ಸಮೀಕ್ಷೆಗಳು ನೆಲಕಚ್ಚಿದವು ಅಂತ ಎಲ್ಲರೂ ಬೈದರು. ಆದರೆ ಒಬಾಮಗೆ ಹೇಳಿದ್ದ ಅಂಕಿ ಹೆಚ್ಚುಕಮ್ಮಿ ಸರಿಯಾಗಿಯೇ ಇತ್ತು. ಕ್ಲಿಂಟನ್‌ಗೆ ಹೇಳಿದ್ದು 30ರ ಹತ್ತಿರ, ಬಂದದ್ದು 39. ಕಾಫಿ ಅಂಗಡಿಯಲ್ಲಿ ಅವರ ಕಣ್ಣು ತುಂಬಿ ಬಂದದ್ದೇ ಕಾರಣ ಅಂತ ಒಂದು ಕತೆ ಹುಟ್ಟಿತು, ಇಂದಿಗೂ ಓಡಾಡುತ್ತಿದೆ. ಅಮೆರಿಕದ ಸಮೀಕ್ಷಾ ತಜ್ಞರ ಸಂಘ ಒಂದು ಸಮಿತಿ ಮಾಡಿ ಇದನ್ನು ಕೆದಕಿತು. ಒಂದೇ ಒಂದು ಕಾರಣ ಅಂತ ಬೆರಳಿಟ್ಟು ತೋರಿಸಲು ಅವರಿಗೂ ಆಗಲಿಲ್ಲ.

ಹೀಗೆ ಕಾರಣ ಕಟ್ಟುವ ಅಭ್ಯಾಸಕ್ಕೆ 2004ರ ಡೆಮಾಕ್ರಟಿಕ್ ಸ್ಪರ್ಧೆಯಲ್ಲಿದ್ದ ಹೊವರ್ಡ್ ಡೀನ್ ಕತೆಯೇ ಸಾಕ್ಷಿ. ಅವರು ವೇದಿಕೆ ಮೇಲೆ ಕಿರುಚಿದ್ದಕ್ಕೆ ಸೋತರು ಅಂತ ತುಂಬಾ ಜನ ನಂಬಿದ್ದಾರೆ. 2004ರ ಜನವರಿ 19ರಂದು ಅಯೋವಾದಲ್ಲಿ ಅವರು ಶೇ. 18 ಪಡೆದು ಮೂರನೆಯವರಾದರು. ಕಿರುಚಿದ್ದು ಆಮೇಲೆ, ಅದೇ ರಾತ್ರಿ.

ಮಿಷಿಗನ್‌ನಲ್ಲಿ ನನಗೆ ಪರಿಚಯದ ಹಿರಿಯರೊಬ್ಬರಿದ್ದಾರೆ, ದಾವಣಗೆರೆ ಕಡೆಯವರು. 2016ರ ಮಾರ್ಚ್ 8ರ ರಾತ್ರಿ ಫೋನ್ ಮಾಡಿ, ಏನಮ್ಮಾ, ನಿಮ್ಮವರ ಲೆಕ್ಕ ಪೂರ್ತಿ ಎಡವಟ್ಟಾಯ್ತಲ್ಲ ಅಂದರು. ಸರಿಯಾಗೇ ಹೇಳಿದ್ದರು. ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಕ್ಲಿಂಟನ್ ಸುಮಾರು 20 ಪಾಯಿಂಟ್ ಮುಂದಿದ್ದಾರೆ ಅಂತ ಸಮೀಕ್ಷೆಗಳ ಸರಾಸರಿ ಹೇಳುತ್ತಿತ್ತು. ಬರ್ನಿ ಸ್ಯಾಂಡರ್ಸ್ ಒಂದೂವರೆ ಪಾಯಿಂಟ್‌ನಿಂದ ಗೆದ್ದರು. ಇದು ಸ್ಯಾಂಪಲ್‌ನ ಮಾರ್ಜಿನ್ ಅಲ್ಲವೇ ಅಲ್ಲ ಅಂಕಲ್, ಬೇರೆ ರೋಗ ಎಂದೆ. ಯಾರು ವೋಟ್ ಹಾಕಲು ಬರುತ್ತಾರೆ ಎಂದು ಊಹಿಸಲು ನಾವು ಹಿಂದಿನ ಸಲದ ಲೆಕ್ಕ ನೋಡುತ್ತೇವೆ. ಮಿಷಿಗನ್‌ನಲ್ಲಿ ಹಾಗೆ ನೋಡಲು ಹಿಂದಿನದು ಅಂತ ಇರಲೇ ಇಲ್ಲ. 2008ರಲ್ಲಿ ಪ್ರೈಮರಿಯ ದಿನಾಂಕದ ಬಗ್ಗೆ ರಾಜ್ಯಕ್ಕೂ ಪಕ್ಷಕ್ಕೂ ಆದ ಜಗಳದಿಂದ ಒಬಾಮ ಹೆಸರೇ ಅಲ್ಲಿನ ಮತಪತ್ರದಲ್ಲಿ ಇರಲಿಲ್ಲ. 2012ರಲ್ಲಿ ಸ್ಪರ್ಧೆಯೇ ಇರಲಿಲ್ಲ. ಹುಡುಗರು ಎಷ್ಟು ಬರುತ್ತಾರೆ, ಪಕ್ಷದ ಹೊರಗಿನವರು ಎಷ್ಟು ಬರುತ್ತಾರೆ ಎಂಬ ಊಹೆ ತಪ್ಪಿತು. ಇಂಥ ತಪ್ಪಿಗೆ ಪರದೆಯ ಕೆಳಗೆ ಸಣ್ಣ ಅಕ್ಷರದ ಸಂಖ್ಯೆ ಬರುವುದಿಲ್ಲ.

ಅದೇ ಹಿರಿಯರು 2018ರಲ್ಲಿ ಇನ್ನೊಂದು ಕಾರಣಕ್ಕೆ ಉತ್ಸಾಹದಲ್ಲಿದ್ದರು. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ ಮಿಷಿಗನ್ ಗವರ್ನರ್ ಸ್ಥಾನಕ್ಕೆ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ನಿಂತಿದ್ದರು. ಸ್ವಂತ ದುಡ್ಡಿನಲ್ಲಿ ಎಲ್ಲರಿಗಿಂತ ಮೊದಲೇ ಟಿವಿಗೆ ಬಂದರು. ಆ ವಸಂತದಲ್ಲಿ ಕೆಲವು ಸಮೀಕ್ಷೆಗಳಲ್ಲಿ ಮುಂದೆಯೂ ಇದ್ದರು. ನಮ್ಮ ಊರ ಕಡೆಯವರು ಗೆಲ್ತಾರಮ್ಮಾ ಅಂತ ಇವರ ಸಂಭ್ರಮ. ಆ ಹೊತ್ತಿಗೆ ಇನ್ನೂ ಯಾರೆಂದು ತೀರ್ಮಾನಿಸದವರು ಎಷ್ಟಿದ್ದಾರೆ ನೋಡಿ ಅಂತ ಮಾತ್ರ ಹೇಳಿದೆ. ಬೇರೆಯವರ ಹೆಸರು ಜನರ ಕಿವಿಗೆ ಬಿದ್ದಿರದಾಗ ಪರಿಚಯದ ಹೆಸರು ಮುಂದಿರುತ್ತದೆ. ಆಗಸ್ಟ್‌ನಲ್ಲಿ ಗ್ರೆಚೆನ್ ವಿಟ್ಮರ್ ಶೇ. 52 ಪಡೆದು ಗೆದ್ದರು. ಥಾಣೇದಾರ್ ಸುಮಾರು 18 ಪಡೆದು ಮೂರನೆಯವರಾದರು. ಆಮೇಲೆ ಅವರು ಅಮೆರಿಕದ ಸಂಸತ್ತಿಗೆ ಆರಿಸಿಬಂದರು, ಅಂಕಲ್‌ಗೆ ಸಮಾಧಾನವಾಯಿತು.

ಕ್ಲೈಂಟ್‌ಗಳಿಗೆ ನಾನು ಕೇಳಿಕೊಳ್ಳುವುದು ಇಷ್ಟೇ. ಪ್ರೈಮರಿಯ ಪ್ರಶ್ನೆಗೆ ಉತ್ತರ ಕೊಟ್ಟವರು ಎಷ್ಟು ಜನ ಅಂತ ಮೊದಲು ಕೇಳಿ. ಒಂದು ಸಂಸ್ಥೆಯ ಅಂಕಿಯನ್ನು ಅದೇ ಸಂಸ್ಥೆಯ ಹಿಂದಿನ ಅಂಕಿಯ ಜೊತೆ ಮಾತ್ರ ಹೋಲಿಸಿ. ದೇಶಮಟ್ಟದ ಪ್ರೈಮರಿ ಅಂತ ಒಂದು ಇಲ್ಲವೇ ಇಲ್ಲ, ರಾಜ್ಯಗಳು ಒಂದಾದ ಮೇಲೊಂದು ವೋಟ್ ಹಾಕುತ್ತವೆ. 2007ರ ಬಹುಪಾಲು ದೇಶಮಟ್ಟದ ಸಮೀಕ್ಷೆಗಳಲ್ಲಿ ರಿಪಬ್ಲಿಕನ್ನರ ಪೈಕಿ ರೂಡಿ ಜೂಲಿಯಾನಿ ಮೊದಲಿಗರಾಗಿದ್ದರು, ಒಂದು ರಾಜ್ಯವನ್ನೂ ಗೆಲ್ಲದೆ 2008ರ ಜನವರಿ ಕೊನೆಗೆ ಹಿಂದೆ ಸರಿದರು. ಇದನ್ನು ಪ್ರತಿ ನಾಲ್ಕು ವರ್ಷಕ್ಕೊಮ್ಮೆ ಹೇಳುತ್ತೇನೆ.

ಒಮ್ಮೊಮ್ಮೆ ಸಮೀಕ್ಷೆಯನ್ನು ಪ್ರಕಟಿಸದೇ ಇರುವುದೇ ಸರಿ. 2020ರ ಅಯೋವಾ ಕಾಕಸ್‌ಗೆ ಎರಡು ದಿನ ಮೊದಲು ಸೆಲ್ಜರ್ ಅವರ ಕೊನೆಯ ಸಮೀಕ್ಷೆಗೆ ಎಲ್ಲರೂ ಕಾಯುತ್ತಿದ್ದರು. ಉತ್ತರ ಕೊಟ್ಟ ಒಬ್ಬರಿಂದ ದೂರು ಬಂತು, ತಮಗೆ ಓದಿ ಹೇಳಿದ ಪಟ್ಟಿಯಲ್ಲಿ ಅಭ್ಯರ್ಥಿ ಪೀಟ್ ಬುಟಿಜೆಜ್ ಹೆಸರೇ ಇರಲಿಲ್ಲ ಅಂತ. ಫೋನ್ ಮಾಡುವವರೊಬ್ಬರು ಕಂಪ್ಯೂಟರ್ ಪರದೆಯಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡಿದ್ದರು, ಪಟ್ಟಿಯಲ್ಲಿ ಒಂದು ಹೆಸರು ಪರದೆಯಿಂದ ಆಚೆ ಹೋಗಿತ್ತು ಎಂದು ಆಮೇಲೆ ತಿಳಿಯಿತು. ಪತ್ರಿಕೆ ಮತ್ತು ಸೆಲ್ಜರ್ ಇಡೀ ಸಮೀಕ್ಷೆಯನ್ನೇ ಕೈಬಿಟ್ಟರು. ಒಂದು ಕರೆ ತಪ್ಪಾಗಿದ್ದರೆ ಆ ಒಂದನ್ನೇ ತೆಗೆಯಬಹುದಿತ್ತಲ್ಲ, ಅಷ್ಟು ದುಡ್ಡು ಯಾಕೆ ಹಾಳುಮಾಡಿದರು ಎಂದು ಕ್ಲೈಂಟ್‌ಗಳು ಈಗಲೂ ನನ್ನನ್ನು ಕೇಳುತ್ತಾರೆ. ಎಷ್ಟು ಕರೆಗಳಲ್ಲಿ ಹೀಗಾಗಿತ್ತು ಅಂತ ಖಚಿತವಾಗದೆ ತೆಗೆಯುವುದು ಯಾವುದನ್ನು? ನನ್ನ ಕೈಯಲ್ಲಿದ್ದರೂ ಅದನ್ನೇ ಮಾಡುತ್ತಿದ್ದೆ.