ಹಿಮದ ಮೇಲೆ ನಿಂತು ಮರ ಅಳೆದರೆ

ಕಳೆದ ಸಲ ಊರಿಗೆ ಬಂದಾಗ ಮಾವ ಕೇಳಿದರು: “ಫಿನ್‌ಲ್ಯಾಂಡಿನ ಕಾಡಿನಲ್ಲಿ ಎಷ್ಟು ಕಾರ್ಬನ್ ಇದೆ ಅಂತ ಲೆಕ್ಕ ಹಾಕ್ತೀಯಂತೆ. ಮರ ಕಡಿಯದೆ ಅದರ ತೂಕ ಹೇಗೆ ಗೊತ್ತಾಗುತ್ತೆ?”

ಕಡಿದೇ ಗೊತ್ತಾಗಿದ್ದು. ಹಿಂದೆ ಯಾರೋ ಕೆಲವು ಮರಗಳನ್ನು ಕಡಿದು, ಕಾಂಡ, ಕೊಂಬೆ, ಸೂಜಿಎಲೆ ಎಲ್ಲವನ್ನೂ ಬೇರೆಬೇರೆ ತೂಗಿದ್ದಾರೆ. ಕೆಲವಕ್ಕೆ ಬೇರನ್ನೂ ಅಗೆದಿದ್ದಾರೆ. ಕಾಂಡದಿಂದ ಬಿಲ್ಲೆ ಕೊಯ್ದು, 105 ಡಿಗ್ರಿ ಓವನ್‌ನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿದ್ದಾರೆ. ಹಸಿ ಮರದ ತೂಕದಲ್ಲಿ ಅರ್ಧದಷ್ಟು ಬರೀ ನೀರು. ಹೀಗೆ ಹುಟ್ಟಿದ ಸೂತ್ರಗಳಲ್ಲಿ ಸ್ವೀಡನ್ನಿನ ಸಂಶೋಧಕ ಮಾರ್ಕ್‌ಲುಂಡ್ 1988ರಲ್ಲಿ ಕೊಟ್ಟವು ಇಂದಿಗೂ ಬಳಕೆಯಲ್ಲಿವೆ. ನಾವು ದಪ್ಪ (ಕಾಂಡದ ವ್ಯಾಸ), ಎತ್ತರ ಅಳೆದು ಕೊಟ್ಟರೆ ಸೂತ್ರ ತೂಕ ಹೇಳುತ್ತದೆ.

ಒಂದು ಒರಟು ಲೆಕ್ಕ ನೋಡಿ. 20 ಸೆಂ.ಮೀ. ದಪ್ಪ, 18 ಮೀಟರ್ ಎತ್ತರದ ಪೈನ್. ಕಾಂಡ ಹೆಚ್ಚುಕಡಿಮೆ 0.28 ಘನ ಮೀಟರ್. ಘನ ಮೀಟರಿಗೆ 400 ಕೆ.ಜಿ. ಒಣತೂಕ ಹಿಡಿದರೆ 112 ಕೆ.ಜಿ. ಅದರಲ್ಲಿ ಅರ್ಧ, 56 ಕೆ.ಜಿ., ಕಾರ್ಬನ್. ಒಂದು ಕೆ.ಜಿ. ಕಾರ್ಬನ್ ಅಂದರೆ 3.67 ಕೆ.ಜಿ. ಕಾರ್ಬನ್ ಡೈಆಕ್ಸೈಡ್, ಹಾಗಾಗಿ 3.67ರಿಂದ ಗುಣಿಸಿ: ಗಾಳಿಯಿಂದ ಎಳೆದುಕೊಂಡ ಕಾರ್ಬನ್ ಡೈಆಕ್ಸೈಡ್ ಸುಮಾರು 205 ಕೆ.ಜಿ. ಕೊಂಬೆ, ಬೇರಿನ ಲೆಕ್ಕ ಬೇರೆ.

ಎಡವಟ್ಟಾಗುವುದು ದಪ್ಪದಲ್ಲಿ. ಅದು ಎರಡು ಪಟ್ಟಾದರೆ ತೂಕ ಐದು ಪಟ್ಟಿಗೂ ಜಾಸ್ತಿಯಾಗುತ್ತದೆ. ದಪ್ಪವನ್ನು ಎದೆಮಟ್ಟದಲ್ಲಿ, ಅಂದರೆ ಫಿನ್‌ಲ್ಯಾಂಡಿನಲ್ಲಿ ನೆಲದಿಂದ 1.3 ಮೀಟರ್ ಮೇಲೆ ಅಳೆಯಬೇಕು. (ಭಾರತದಲ್ಲಿ ಎದೆಮಟ್ಟ 1.37 ಮೀಟರ್!) ನನ್ನ ಮೊದಲ ಚಳಿಗಾಲದಲ್ಲಿ ಮೊಣಕಾಲು ಮುಳುಗುವ ಹಿಮದ ಮೇಲ್ಮೈಯಿಂದಲೇ 1.3 ಎಣಿಸಿ, ದಪ್ಪ ಅಳೆಯುವ ಕ್ಯಾಲಿಪರ್ ಹಿಡಿದಿದ್ದೆ. ಮೇಲೆ ಹೋದಂತೆ ಕಾಂಡ ಸಣ್ಣದಾಗುತ್ತದಲ್ವಾ? ಮೇಲಿನ ಲೆಕ್ಕದ ಪೈನ್‌ನಲ್ಲಿ ಅರ್ಧ ಸೆಂ.ಮೀ. ಕಡಿಮೆ ಬಂದರೂ ತೂಕ ಶೇ. 6ರಷ್ಟು ಇಳಿಯುತ್ತದೆ. ಒಂದಿಡೀ ದಿನದ ಅಳತೆ ಮತ್ತೆ ಮಾಡಬೇಕಾಯಿತು. ಈಗ ಮೊದಲು ಬೂಟಿನಿಂದ ಹಿಮ ಸರಿಸಿ, ಪಾಚಿ ಒತ್ತಿ, ನೆಲ ಮುಟ್ಟಿ ನೋಡುತ್ತೇನೆ.

“ನಮ್ಮ ಅಡಿಕೆಗೂ ಇದೇ ಸೂತ್ರ ಹಾಕು ನೋಡೋಣ” ಅಂದರು ಮಾವ. ಆಗದು. ಅಡಿಕೆ ವರ್ಷವರ್ಷ ದಪ್ಪವಾಗುವುದಿಲ್ಲ, ಉದ್ದವಾಗುತ್ತದೆ. ಅಲ್ಲಿ ಎತ್ತರವೇ ಮುಖ್ಯ.

ಕಾಡು ಅಳೆಯಲು ಉಪಗ್ರಹ ಇದೆಯಲ್ಲ ಎನ್ನುವವರಿದ್ದಾರೆ. ಅಂತರಿಕ್ಷ ನಿಲ್ದಾಣದಲ್ಲಿರುವ ಗೆಡಿ ಎಂಬ, ಕಾಡಿನ ಎತ್ತರ ಅಳೆಯುವ ಲೇಸರ್ ಉಪಕರಣ ಸುಮಾರು 52 ಡಿಗ್ರಿ ಅಕ್ಷಾಂಶದಾಚೆ ನೋಡುವುದೇ ಇಲ್ಲ. ಫಿನ್‌ಲ್ಯಾಂಡ್ ಶುರುವಾಗುವುದೇ 60ರ ಹತ್ತಿರ. ಉಪಗ್ರಹದ ಲೆಕ್ಕ ಸರಿಯೋ ತಪ್ಪೋ ನೋಡಲೂ ನೆಲದ ಅಳತೆಯೇ ಬೇಕು.

ಇಷ್ಟೆಲ್ಲ ಮಾಡಿದರೂ ಉತ್ತರ ದಿಕ್ಕಿನ ಚಳಿನಾಡುಗಳ ಕಾಡಿನ ಕಾರ್ಬನ್‌ನಲ್ಲಿ ಹೆಚ್ಚಿನ ಪಾಲು ಮರದಲ್ಲಿಲ್ಲ, ಮಣ್ಣಿನಲ್ಲಿದೆ. ಚಳಿಗೆ ಎಲೆ, ಪಾಚಿ ಬೇಗ ಕೊಳೆಯುವುದಿಲ್ಲ. ನೀರು ನಿಂತಲ್ಲಿ ಅದು ಸಾವಿರಾರು ವರ್ಷ ಪದರ ಪದರವಾಗಿ ಕೂರುತ್ತದೆ. ಅಂಥ ಜೌಗಿನಲ್ಲಿ ನನ್ನ ತೋಳಿನಷ್ಟು ದಪ್ಪದ ಬಡಕಲು ಪೈನ್ ಪಕ್ಕ ಎರಡು ಮೀಟರ್ ಸರಳು ಚುಚ್ಚಿದ್ದೆ. ಬೆಣ್ಣೆಗೆ ಚಾಕು ಇಳಿದಂತೆ ಪೂರ್ತಿ ಇಳಿಯಿತು. ತಳ ಸಿಗಲೇ ಇಲ್ಲ.