ಗಾರ್ಡನ್ ಮೆಕ್ವೀನ್ ಹಣೆಗೆ ತಾಗಿದ ಚೆಂಡುಗಳು

1977ರ ಜೂನ್ 4. ಲಂಡನ್‌ನ ವೆಂಬ್ಲಿ ಮೈದಾನ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ನಡುವಿನ ಪಂದ್ಯದಲ್ಲಿ ಹಾಫ್ ಟೈಮ್ ಹತ್ತಿರ ಬಂದಿದೆ. ಏಸಾ ಹಾರ್ಟ್‌ಫರ್ಡ್ ಫ್ರೀ ಕಿಕ್ ಎತ್ತಿ ಹಾಕುತ್ತಾರೆ. ಗುಂಪಿನ ನಡುವಿನಿಂದ ಆರಡಿ ಮೂರಿಂಚಿನ ಆಳೊಬ್ಬರು ಮೇಲಕ್ಕೆ ಹಾರುತ್ತಾರೆ. ಹಣೆಯಿಂದ ಒಂದು ಏಟು. ಗೋಲ್‌ಕೀಪರ್ ರೇ ಕ್ಲೆಮೆನ್ಸ್‌ಗೆ ಏನೂ ಮಾಡಲಾಗಲಿಲ್ಲ.

ಹಾರಿದವರು ಗಾರ್ಡನ್ ಮೆಕ್ವೀನ್. ಸ್ಕಾಟ್ಲೆಂಡಿನ ಸೆಂಟರ್ ಹಾಫ್, ಅಂದರೆ ರಕ್ಷಣೆಯ ನಡುವೆ ನಿಲ್ಲುವ ಆಟಗಾರ. ಆಮೇಲೆ ಕೆನ್ನಿ ಡಾಲ್‌ಗ್ಲಿಶ್ ಇನ್ನೊಂದು ಗೋಲು ಹೊಡೆದರು. ಸ್ಕಾಟ್ಲೆಂಡ್ 2-1ರಿಂದ ಗೆದ್ದಿತು. ಪಂದ್ಯ ಮುಗಿದ ಕೂಡಲೇ ಸ್ಕಾಟಿಷ್ ಅಭಿಮಾನಿಗಳು ಮೈದಾನಕ್ಕೆ ನುಗ್ಗಿ ಗೋಲುಕಂಬ ಮುರಿದರು, ಹುಲ್ಲಿನ ಹೆಂಟೆಗಳನ್ನು ಕಿತ್ತು ಮನೆಗೆ ಒಯ್ದರು. ಆ ಗೋಲಿನ ವಿಡಿಯೊವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಅಷ್ಟು ಎತ್ತರದ ಮನುಷ್ಯ ಅಷ್ಟು ಹಗುರವಾಗಿ ಏಳುವುದನ್ನು ನೋಡುವುದೇ ಒಂದು ಖುಷಿ.

ಎಲ್ಲರಿಗೂ ನೆನಪಿರುವುದು ತಲೆಯಿಂದ ಹೊಡೆದ ಆ ಒಂದು ಏಟು, ಆ ಹೆಡರ್. ಆದರೆ ಮೆಕ್ವೀನ್ ವೃತ್ತಿ ಬದುಕಿನಲ್ಲಿ ಹೊಡೆದ ಹೆಡರ್‌ಗಳು ಸಾವಿರಗಟ್ಟಲೆ. ಪಂದ್ಯದಲ್ಲಿ ಹೊಡೆದದ್ದು ಸ್ವಲ್ಪ, ಟ್ರೈನಿಂಗ್‌ನಲ್ಲಿ ಹೊಡೆದದ್ದು ಜಾಸ್ತಿ. ಅವುಗಳನ್ನು ಯಾರೂ ಎಣಿಸಲಿಲ್ಲ. ಎಣಿಸಬೇಕು ಎಂದು ಯಾರಿಗೂ ಅನ್ನಿಸಿರಲಿಲ್ಲ. ಎಣಿಸದೆ ಬಿಟ್ಟ ಆ ಹೆಡರ್‌ಗಳ ಬಗ್ಗೆಯೇ ಈಗ ಸ್ಕಾಟ್ಲೆಂಡ್, ಇಂಗ್ಲೆಂಡ್‌ಗಳ ಫುಟ್‌ಬಾಲ್ ಲೋಕ ತಲೆ ಕೆಡಿಸಿಕೊಂಡಿದೆ.

ಮೆಕ್ವೀನ್ ಹುಟ್ಟಿದ್ದು 1952ರಲ್ಲಿ, ಏರ್‌ಶೈರ್‌ನ ಕಿಲ್‌ಬರ್ನಿ ಎಂಬ ಸಣ್ಣ ಊರಿನಲ್ಲಿ. ತಂದೆ ಟಾಮ್ ಕೂಡ ವೃತ್ತಿಪರ ಫುಟ್‌ಬಾಲ್ ಆಡಿದವರು, ಗೋಲ್‌ಕೀಪರ್. ಈ ವಿಷಯ ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಮಗ 1970ರಲ್ಲಿ ಪೇಸ್ಲಿ ಊರಿನ ಸೇಂಟ್ ಮಿರೆನ್ ಕ್ಲಬ್ ಸೇರಿದರು. ಎರಡೇ ವರ್ಷದಲ್ಲಿ ಇಂಗ್ಲೆಂಡಿನ ಲೀಡ್ಸ್ ಯುನೈಟೆಡ್ 30,000 ಪೌಂಡ್ ಕೊಟ್ಟು ಕರೆದುಕೊಂಡಿತು. ಲೀಡ್ಸ್‌ಗೆ ಒಂದು ಚಿಂತೆ ಇತ್ತು. ಅವರ ಸೆಂಟರ್ ಹಾಫ್ ಜಾಕ್ ಚಾರ್ಲ್‌ಟನ್‌ಗೆ ವಯಸ್ಸಾಗುತ್ತಿತ್ತು. 1966ರ ವಿಶ್ವಕಪ್ ಗೆದ್ದ ಆಟಗಾರ ಅವರು. ಅವರು ಬಿಡುವ 5ನೇ ನಂಬರಿನ ಅಂಗಿಯನ್ನು ಹಾಕಿಕೊಳ್ಳಲು ಒಬ್ಬ ಬೇಕಿತ್ತು.

ಆ ಕಾಲದ ಬ್ರಿಟಿಷ್ ಫುಟ್‌ಬಾಲ್‌ನಲ್ಲಿ 5ನೇ ನಂಬರ್ ಎಂದರೆ ಏನು ಕೆಲಸ? ಎದುರಾಳಿ ಉದ್ದಕ್ಕೆ ಎತ್ತಿ ಒದೆಯುವ ಪ್ರತಿಯೊಂದು ಚೆಂಡನ್ನೂ ತಲೆಯಿಂದ ಹೊಡೆದು ವಾಪಸ್ ಕಳಿಸುವುದು. ಗೋಲ್‌ಕೀಪರ್ ಒದ್ದ ಚೆಂಡು ಅರ್ಧ ಮೈದಾನ ದಾಟಿ ಬೀಳುವ ಜಾಗದಲ್ಲಿ ನಿಂತಿರುವುದು ಇವರೇ. ಕಾರ್ನರ್ ಬಂದರೆ ಇವರು, ಕ್ರಾಸ್ ಬಂದರೆ ಇವರು. ತಮ್ಮ ತಂಡಕ್ಕೆ ಕಾರ್ನರ್ ಸಿಕ್ಕರೆ ಆ ಕಡೆಗೂ ಓಡಿಹೋಗಿ ಹಾರಬೇಕು. ಇದನ್ನೆಲ್ಲ ಚೆನ್ನಾಗಿ ಮಾಡಬೇಕಾದರೆ ಅಭ್ಯಾಸ ಬೇಕು, ಅಲ್ವಾ? ಅದಕ್ಕೇ ಟ್ರೈನಿಂಗ್‌ನಲ್ಲಿ ಒಬ್ಬರು ಎಸೆಯುತ್ತಾ ಹೋಗುವುದು, ಇವರು ಹೊಡೆಯುತ್ತಾ ಹೋಗುವುದು. ವಾರಗಟ್ಟಲೆ, ವರ್ಷಗಟ್ಟಲೆ. ಇದು ಅಪಘಾತವಲ್ಲ, ತಪ್ಪಿ ಬಿದ್ದ ಪೆಟ್ಟೂ ಅಲ್ಲ. ಸಂಬಳ ಕೊಡುತ್ತಿದ್ದದ್ದೇ ಇದಕ್ಕೆ.

ಆ ಕೆಲಸದಲ್ಲಿ ಮೆಕ್ವೀನ್ ಬಹಳ ಬೇಗ ಮೇಲೆ ಬಂದರು. 1973-74ರಲ್ಲಿ ಲೀಡ್ಸ್ ಮೊದಲ 29 ಲೀಗ್ ಪಂದ್ಯಗಳಲ್ಲಿ ಸೋಲದೆ ಓಡಿ ಚಾಂಪಿಯನ್ ಆಯಿತು. ಆಗ ರಕ್ಷಣೆಯ ನಡುವೆ ನಿಂತವರು ಇವರೇ. ಮುಂದಿನ ವರ್ಷ ಯುರೋಪಿಯನ್ ಕಪ್‌ನಲ್ಲಿ ಲೀಡ್ಸ್ ಸೆಮಿಫೈನಲ್‌ಗೆ ಬಂತು. ಬಾರ್ಸಿಲೋನಾದಲ್ಲಿ ನಡೆದ ಎರಡನೇ ಪಂದ್ಯದಲ್ಲಿ ಮೆಕ್ವೀನ್ ಅವರನ್ನು ರೆಫರಿ ಹೊರಗೆ ಕಳಿಸಿದರು. ಲೀಡ್ಸ್ ಹೇಗೋ ಫೈನಲ್ ತಲುಪಿತು. ಆದರೆ ಪ್ಯಾರಿಸ್‌ನಲ್ಲಿ ಬಯರ್ನ್ ಮ್ಯೂನಿಕ್ ಎದುರು ಆಡುವ ಅವಕಾಶ ಇವರಿಗೆ ಸಿಗಲಿಲ್ಲ. ಲೀಡ್ಸ್ 0-2ರಿಂದ ಸೋತಿತು.

1978ರ ಫೆಬ್ರವರಿಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಸೇರಿದರು. ಬೆಲೆ 4,95,000 ಪೌಂಡ್. ಆರು ವರ್ಷದ ಹಿಂದಿನ 30,000ದ ಪಕ್ಕ ಇಟ್ಟು ನೋಡಿದರೆ ಇವರ ಹೆಸರು ಎಷ್ಟು ಬೆಳೆದಿತ್ತು ಎಂದು ತಿಳಿಯುತ್ತದೆ. ಗೆಳೆಯ ಜೋ ಜೋರ್ಡನ್ ಒಂದು ತಿಂಗಳ ಮೊದಲೇ ಲೀಡ್ಸ್ ಬಿಟ್ಟು ಅಲ್ಲಿಗೆ ಹೋಗಿದ್ದರು. ಲೀಡ್ಸ್ ಅಭಿಮಾನಿಗಳಿಗೆ ವಿಪರೀತ ಸಿಟ್ಟು ಬಂತು. ದೇಶದ ಆಟಗಾರರನ್ನೆಲ್ಲ ಯಾವ ಕ್ಲಬ್ ಬೇಕು ಎಂದು ಕೇಳಿದರೆ ನೂರಕ್ಕೆ ತೊಂಬತ್ತೊಂಬತ್ತು ಜನ ಮ್ಯಾಂಚೆಸ್ಟರ್ ಯುನೈಟೆಡ್ ಅನ್ನುತ್ತಾರೆ, ಉಳಿದ ಒಬ್ಬ ಸುಳ್ಳುಗಾರ ಎಂದು ಮೆಕ್ವೀನ್ ಹೇಳಿದ ಮಾತು ಇವತ್ತಿಗೂ ಓಡಾಡುತ್ತಿದೆ.

ಅದೇ ವರ್ಷ ಅರ್ಜೆಂಟೀನಾದಲ್ಲಿ ವಿಶ್ವಕಪ್. ಅದಕ್ಕೆ ಸ್ವಲ್ಪ ಮುಂಚೆ ವೇಲ್ಸ್ ಎದುರಿನ ಪಂದ್ಯದಲ್ಲಿ ಗೋಲುಕಂಬಕ್ಕೆ ಬಡಿದು ಗಾಯ ಮಾಡಿಕೊಂಡರು. ತಂಡದ ಜೊತೆ ಅಷ್ಟು ದೂರ ಹೋದರೂ ಒಂದು ನಿಮಿಷವೂ ಆಡಲಿಲ್ಲ. 1979ರ ಎಫ್‌ಎ ಕಪ್ ಫೈನಲ್ ಇನ್ನೊಂದು ನೋವು. ಆರ್ಸೆನಲ್ 2-0 ಮುಂದಿತ್ತು. 86ನೇ ನಿಮಿಷದಲ್ಲಿ ಮೆಕ್ವೀನ್ ಒಂದು ಗೋಲು ಹೊಡೆದರು. ಎರಡು ನಿಮಿಷದಲ್ಲಿ ಸ್ಯಾಮಿ ಮೆಕಿಲ್‌ರಾಯ್ ಸಮ ಮಾಡಿದರು. ಇನ್ನೇನು ಎಕ್ಸ್‌ಟ್ರಾ ಟೈಮ್ ಎನ್ನುವಷ್ಟರಲ್ಲಿ ಆರ್ಸೆನಲ್‌ನ ಆಲನ್ ಸಂಡರ್‌ಲ್ಯಾಂಡ್ ಮತ್ತೆ ಹೊಡೆದುಬಿಟ್ಟರು. ಕೊನೆಗೂ 1983ರಲ್ಲಿ ಬ್ರೈಟನ್ ತಂಡವನ್ನು ಮರುಪಂದ್ಯದಲ್ಲಿ 4-0ಯಿಂದ ಸೋಲಿಸಿದಾಗ ಆ ಕಪ್ ಕೈಗೆ ಬಂತು.

1985ರಲ್ಲಿ ಹಾಂಗ್‌ಕಾಂಗ್‌ನ ಸೀಕೋ ಕ್ಲಬ್‌ಗೆ ಹೋಗುವ ಹೊತ್ತಿಗೆ ಯುನೈಟೆಡ್ ಪರ 229 ಪಂದ್ಯ, ಅದಕ್ಕೂ ಮೊದಲು ಲೀಡ್ಸ್ ಪರ 140 ಲೀಗ್ ಪಂದ್ಯ, ಸೇಂಟ್ ಮಿರೆನ್ ಪರ 57 ಲೀಗ್ ಪಂದ್ಯ, ಸ್ಕಾಟ್ಲೆಂಡ್ ಪರ 30 ಪಂದ್ಯ ಆಗಿದ್ದವು. ಆಮೇಲೆ ಏರ್‌ಡ್ರೀ ತಂಡದ ಮ್ಯಾನೇಜರ್ ಆದರು. ಮಿಡಲ್ಸ್‌ಬರೋದಲ್ಲಿ ಬ್ರಯನ್ ರಾಬ್ಸನ್ ಜೊತೆ ಕೋಚ್ ಆದರು. ಟಿವಿಯಲ್ಲಿ ಆಟದ ವಿಶ್ಲೇಷಣೆ ಮಾಡಿದರು. 2011ರಲ್ಲಿ ಗಂಟಲಿನ ಕ್ಯಾನ್ಸರ್ ಬಂತು, ಅದರಿಂದಲೂ ಎದ್ದು ಬಂದರು.

2021ರ ಫೆಬ್ರವರಿಯಲ್ಲಿ ಕುಟುಂಬದವರು ಒಂದು ಸುದ್ದಿ ತಿಳಿಸಿದರು. ಮೆಕ್ವೀನ್‌ಗೆ ವ್ಯಾಸ್ಕ್ಯುಲರ್ ಡಿಮೆನ್ಷಿಯಾ. ಮೆದುಳಿಗೆ ರಕ್ತ ಸರಿಯಾಗಿ ಹೋಗದೆ ಬರುವ ಮರೆವಿನ ಕಾಯಿಲೆ. ಆಗ ಅವರಿಗೆ 68 ವರ್ಷ. ಮಗಳು ಹೇಯ್ಲಿ ಟಿವಿಯಲ್ಲಿ ಕ್ರೀಡಾ ಕಾರ್ಯಕ್ರಮ ನಡೆಸಿಕೊಡುವವರು. ಮನೆಯ ಸಂಕಟವನ್ನು ಮುಚ್ಚಿಡಬಹುದಿತ್ತು. ಆದರೆ ಚೆಂಡಿಗೆ ಪದೇ ಪದೇ ತಲೆ ಕೊಡುವುದರಲ್ಲಿ ಅಪಾಯ ಇರಬಹುದು ಎಂದು ಬೇರೆ ಆಟಗಾರರಿಗೂ ಗೊತ್ತಾಗಲಿ ಎಂದು ಆ ಮನೆಯವರು ಬಾಯಿಬಿಟ್ಟು ಹೇಳಿದರು. ಅದು ಸಣ್ಣ ಧೈರ್ಯವಲ್ಲ.

ಅಷ್ಟರಲ್ಲಿ ಈ ಅನುಮಾನಕ್ಕೆ ವಯಸ್ಸಾಗಿತ್ತು. ತಲೆಗೆ ಪೆಟ್ಟು ತಿನ್ನುವ ಬಾಕ್ಸರ್‌ಗಳ ಮೆದುಳು ಹಾಳಾಗುತ್ತದೆ ಎಂದು ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಲ್ಲೇ ಬರೆದಿದ್ದರು. ಫುಟ್‌ಬಾಲ್‌ನಲ್ಲಿ ದೊಡ್ಡ ಎಚ್ಚರಿಕೆ ಬಂದದ್ದು 2002ರಲ್ಲಿ. ಇಂಗ್ಲೆಂಡಿನ ಸ್ಟ್ರೈಕರ್ ಜೆಫ್ ಆಸ್ಲ್ 59ನೇ ವಯಸ್ಸಿಗೇ ತೀರಿಕೊಂಡರು. ಹೆಡರ್‌ಗೆ ಹೆಸರಾದವರು ಅವರು. ಸಾವಿನ ಕಾರಣ ವಿಚಾರಿಸಿದ ಕರೊನರ್, ಇದು ವೃತ್ತಿಯಿಂದ ಬಂದ ಕಾಯಿಲೆ ಎಂದು ತೀರ್ಪು ಕೊಟ್ಟರು. ಗಣಿಯಲ್ಲಿ ದುಡಿದವನಿಗೆ ದೂಳಿನಿಂದ ಶ್ವಾಸಕೋಶ ಹೋಗುವ ಹಾಗೆ, ಇವರಿಗೆ ಚೆಂಡಿನಿಂದ ಮೆದುಳು ಹೋಯಿತು ಎಂದು ಅರ್ಥ. ಅಷ್ಟು ಸ್ಪಷ್ಟವಾಗಿ ಹೇಳಿದ ಮೇಲೂ ಹೆಚ್ಚೇನೂ ಆಗಲಿಲ್ಲ. ಗಟ್ಟಿಯಾದ ಅಂಕಿಅಂಶ ಕೈಗೆ ಬರಲು 17 ವರ್ಷ ಬೇಕಾಯಿತು. ಆಸ್ಲ್ ಅವರ ಮಗಳು ಡಾನ್ ಮತ್ತು ಮನೆಯವರು ಬೆನ್ನು ಬಿಡದೆ ಕೇಳದಿದ್ದರೆ ಅದೂ ಆಗುತ್ತಿತ್ತೋ ಇಲ್ಲವೋ.

ಆ ಅಂಕಿಅಂಶ ಬಂದದ್ದು ಗ್ಲಾಸ್ಗೋದಿಂದ. ಮೆದುಳಿನ ಕಾಯಿಲೆಗಳ ರೋಗಶಾಸ್ತ್ರಜ್ಞ (ನ್ಯೂರೋಪೆಥಾಲಜಿಸ್ಟ್) ವಿಲ್ಲಿ ಸ್ಟುವರ್ಟ್ ಮತ್ತು ತಂಡದವರು 1900ರಿಂದ 1976ರ ನಡುವೆ ಹುಟ್ಟಿದ 7,676 ಸ್ಕಾಟಿಷ್ ವೃತ್ತಿಪರ ಆಟಗಾರರ ದಾಖಲೆ ತೆಗೆದರು. ಅದೇ ವಯಸ್ಸು, ಅದೇ ಆರ್ಥಿಕ ಸ್ಥಿತಿಯ 23,028 ಸಾಮಾನ್ಯ ಜನರ ದಾಖಲೆಯ ಪಕ್ಕ ಇಟ್ಟರು. 2019ರ ಅಕ್ಟೋಬರ್‌ನಲ್ಲಿ ಫಲಿತಾಂಶ ಹೊರಬಂತು. ಮೆದುಳು ಸವೆಯುವ ಕಾಯಿಲೆಗಳಿಂದ ಸಾಯುವ ಸಂಭವ ಆಟಗಾರರಲ್ಲಿ ಸುಮಾರು ಮೂರೂವರೆ ಪಟ್ಟು ಜಾಸ್ತಿ.

ಈ ಸಂಖ್ಯೆಯನ್ನು ಸರಿಯಾಗಿ ಓದಬೇಕು. ಅಂಥ ಕಾಯಿಲೆಯೇ ಸಾವಿನ ಮುಖ್ಯ ಕಾರಣ ಎಂದು ದಾಖಲಾದದ್ದು ಆಟಗಾರರಲ್ಲಿ ಶೇ. 1.7, ಉಳಿದವರಲ್ಲಿ ಶೇ. 0.5. ಅಂದರೆ ಆಡಿದವರಿಗೆಲ್ಲ ಬರುತ್ತದೆ ಎಂದಲ್ಲ. ಇನ್ನೊಂದು ಮಾತು. ಹೃದಯದ ಕಾಯಿಲೆ, ಶ್ವಾಸಕೋಶದ ಕ್ಯಾನ್ಸರ್‌ನಿಂದ ಸತ್ತವರು ಆಟಗಾರರಲ್ಲಿ ಕಡಿಮೆ. 70 ವರ್ಷದವರೆಗೆ ಒಟ್ಟಾರೆ ಸಾವಿನ ಪ್ರಮಾಣವೂ ಉಳಿದವರಿಗಿಂತ ಅವರಲ್ಲಿ ಕಡಿಮೆಯೇ ಇತ್ತು. ಆಟ ಮೈಗೆ ಒಳ್ಳೆಯದು ಮಾಡಿತ್ತು. ಮೆದುಳಿನ ವಿಷಯದಲ್ಲಿ ಮಾತ್ರ ಲೆಕ್ಕ ತಿರುಗಿಬಿದ್ದಿತ್ತು.

2021ರಲ್ಲಿ, ಮೆಕ್ವೀನ್ ಸುದ್ದಿ ಬಂದ ವರ್ಷವೇ, ಅದೇ ತಂಡ ಆಟಗಾರರು ಯಾವ ಜಾಗದಲ್ಲಿ ಆಡಿದರು ಎಂದು ಬಿಡಿಸಿ ನೋಡಿತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಭಾಗ. ಡಿಫೆಂಡರ್‌ಗಳ ಅಪಾಯ ಸಾಮಾನ್ಯ ಜನರಿಗಿಂತ ಸುಮಾರು ಐದು ಪಟ್ಟು. ಗೋಲ್‌ಕೀಪರ್‌ಗಳಲ್ಲಿ? ಖಚಿತವಾಗಿ ಹೇಳುವಷ್ಟು ವ್ಯತ್ಯಾಸವೇ ಇಲ್ಲ. ಇಬ್ಬರೂ ಒಂದೇ ಕ್ಲಬ್ಬಿನವರು. ಒಂದೇ ಬಸ್ಸಿನಲ್ಲಿ ಓಡಾಡಿದವರು, ಒಂದೇ ಊಟ ಮಾಡಿದವರು. ಒಬ್ಬನಿಗೆ ಚೆಂಡನ್ನು ಕೈಯಲ್ಲಿ ಹಿಡಿಯುವ ಹಕ್ಕಿದೆ, ಇನ್ನೊಬ್ಬ ಹಣೆ ಕೊಡಬೇಕು. ಕಿಲ್‌ಬರ್ನಿಯ ಆ ಮನೆಯಲ್ಲಿ ಅಪ್ಪ ಗೋಲ್‌ಕೀಪರ್, ಮಗ ಸೆಂಟರ್ ಹಾಫ್ ಎಂದು ಓದಿದಾಗೆಲ್ಲ ನನಗೆ ಈ ಲೆಕ್ಕವೇ ನೆನಪಾಗುತ್ತದೆ.

ಹಳೆಯ ಕಾಲದ ಚರ್ಮದ ಚೆಂಡು ಮಳೆಯಲ್ಲಿ ನೆಂದು ಭಾರವಾಗುತ್ತಿತ್ತು, ಈಗಿನ ಚೆಂಡು ಹಗುರ, ಹಾಗಾಗಿ ಇದು ಹಳೆಯವರ ಕಥೆ ಎಂದು ಬಹಳ ಜನ ಹೇಳುತ್ತಾರೆ. ಅದು ಪೂರ್ತಿ ನಿಜವಲ್ಲ. ಒಣಗಿದ ಚೆಂಡಿನ ತೂಕ ಆಗಲೂ ಈಗಲೂ ಹೆಚ್ಚುಕಡಿಮೆ ಒಂದೇ, 410ರಿಂದ 450 ಗ್ರಾಂ. ನೀರು ಕುಡಿಯದ ಈಗಿನ ಚೆಂಡು ವೇಗವಾಗಿ ಬರುತ್ತದೆ. ಗ್ಲಾಸ್ಗೋ ಅಧ್ಯಯನದಲ್ಲೂ ಯಾವ ಕಾಲದಲ್ಲಿ ಹುಟ್ಟಿದವರು ಎಂಬುದರಿಂದ ಅಪಾಯ ಕಡಿಮೆಯಾಗಿರಲಿಲ್ಲ. ಎಷ್ಟು ವರ್ಷ ಆಡಿದರು ಎಂಬುದರಿಂದ ಮಾತ್ರ ಜಾಸ್ತಿಯಾಗಿತ್ತು.

ಒಳಗೆ ಏನಾಗುತ್ತದೆ? ಮೆದುಳು ತಲೆಬುರುಡೆಯೊಳಗೆ ದ್ರವದಲ್ಲಿ ತೇಲುತ್ತಿರುವ ಮೆತ್ತನೆಯ ವಸ್ತು. ಚೆಂಡು ಹಣೆಗೆ ತಾಗಿದಾಗ ಬುರುಡೆ ತಟ್ಟನೆ ಅಲುಗುತ್ತದೆ, ಮೆದುಳು ಒಂದು ಗಳಿಗೆ ಹಿಂದೆ ಬೀಳುತ್ತದೆ. ಒಳಗಿನ ಸೂಕ್ಷ್ಮ ನರತಂತುಗಳು ಎಳೆದಾಡಿದಂತಾಗುತ್ತವೆ. ಒಂದು ಸಲಕ್ಕೆ ಏನೂ ಗೊತ್ತಾಗುವುದಿಲ್ಲ. ತಲೆ ಸುತ್ತುವುದಿಲ್ಲ, ಪ್ರಜ್ಞೆ ತಪ್ಪುವುದಿಲ್ಲ. ಇದೇ ವರ್ಷಗಟ್ಟಲೆ ನಡೆದರೆ ಟಾವ್ ಎಂಬ ಪ್ರೋಟೀನ್ ಮೆದುಳಿನ ಮಡಿಕೆಗಳ ಆಳದಲ್ಲಿ ಗಂಟುಗಂಟಾಗಿ ಕೂರಬಹುದು. ಈ ಕಾಯಿಲೆಗೆ ಕ್ರಾನಿಕ್ ಟ್ರಾಮ್ಯಾಟಿಕ್ ಎನ್ಸೆಫಲೋಪತಿ ಎಂದು ಹೆಸರು, ಎಲ್ಲರೂ ಸಿಟಿಇ ಎನ್ನುತ್ತಾರೆ. ಮನುಷ್ಯ ಸತ್ತ ಮೇಲೆ ಮೆದುಳನ್ನು ಪರೀಕ್ಷಿಸಿದಾಗಲೇ ಅದನ್ನು ಖಚಿತವಾಗಿ ಹೇಳಲು ಆಗುವುದು.

ಸ್ಕಾಟ್ಲೆಂಡಿಗೆ ಇದೆಲ್ಲ ಮನೆಯ ವಿಷಯವಾಗಿತ್ತು. 1967ರಲ್ಲಿ ಲಿಸ್ಬನ್‌ನಲ್ಲಿ ಯುರೋಪಿಯನ್ ಕಪ್ ಎತ್ತಿಹಿಡಿದ ಸೆಲ್ಟಿಕ್ ನಾಯಕ ಬಿಲ್ಲಿ ಮೆಕ್‌ನೀಲ್ ಕೂಡ ಸೆಂಟರ್ ಹಾಫ್. ಹೆಡರ್‌ನಲ್ಲಿ ಅವರನ್ನು ಮೀರಿಸುವವರು ಕಡಿಮೆ. ಡಿಮೆನ್ಷಿಯಾದಿಂದ ಬಳಲಿ 2019ರ ಏಪ್ರಿಲ್‌ನಲ್ಲಿ ತೀರಿಕೊಂಡರು, ಗ್ಲಾಸ್ಗೋ ಫಲಿತಾಂಶ ಬರುವುದಕ್ಕೆ ಆರು ತಿಂಗಳ ಮೊದಲು. ಇನ್ನು ಲೀಡ್ಸ್‌ನಲ್ಲಿ ಮೆಕ್ವೀನ್‌ಗೆ ಜಾಗ ಬಿಟ್ಟುಕೊಟ್ಟ ಜಾಕ್ ಚಾರ್ಲ್‌ಟನ್. 2020ರಲ್ಲಿ ಅವರು ಹೋದಾಗ ಅವರಿಗೂ ಡಿಮೆನ್ಷಿಯಾ ಇತ್ತು. ಒಬ್ಬರಿಂದ ಇನ್ನೊಬ್ಬರಿಗೆ ಬಂದ ಅಂಗಿ ಒಂದೇ, ಮಾಡಿದ ಕೆಲಸ ಒಂದೇ. ಇದು ಒಬ್ಬೊಬ್ಬರ ಕಾಯಿಲೆಗೆ ಸಾಕ್ಷಿಯಲ್ಲ ಎಂದು ನನಗೂ ಗೊತ್ತು. ಆದರೂ ಓದುವಾಗ ಹೊಟ್ಟೆಯಲ್ಲಿ ಏನೋ ಕಿವುಚಿದಂತಾಗುತ್ತದೆ.

ಸ್ಕಾಟ್ಲೆಂಡ್ ನಿಯಮ ಬದಲಿಸಿತು. 2020ರಲ್ಲಿ 12 ವರ್ಷದೊಳಗಿನ ಮಕ್ಕಳ ಟ್ರೈನಿಂಗ್‌ನಲ್ಲಿ ಹೆಡರ್ ನಿಲ್ಲಿಸಿದರು. 2022ರಲ್ಲಿ ವೃತ್ತಿಪರರಿಗೂ ಮಾರ್ಗಸೂಚಿ ಬಂತು. ಪಂದ್ಯದ ಹಿಂದಿನ ದಿನ, ಮಾರನೆಯ ದಿನ ಹೆಡರ್ ಅಭ್ಯಾಸ ಬೇಡ. ಪದೇ ಪದೇ ಹೆಡರ್ ಹೊಡೆಸುವ ಅಭ್ಯಾಸ ವಾರಕ್ಕೆ ಒಂದೇ ಸಲ. ಪಂದ್ಯದ ಹೆಡರ್‌ಗಳನ್ನು ಮುಟ್ಟದೆ, ಯಾರೂ ಎಣಿಸದ ಆ ಟ್ರೈನಿಂಗ್ ಹೆಡರ್‌ಗಳ ಮೇಲೆ ಕೈಯಿಟ್ಟದ್ದು ಬುದ್ಧಿವಂತಿಕೆ ಎಂದೇ ನನ್ನ ಅನಿಸಿಕೆ.

ಮೆಕ್ವೀನ್ 2023ರ ಜೂನ್ 15ರಂದು ತೀರಿಕೊಂಡರು. 71 ತುಂಬಲು ಹನ್ನೊಂದು ದಿನ ಬಾಕಿ ಇತ್ತು. ಮನೆಯವರು ಅವರ ಮೆದುಳನ್ನು ಸಂಶೋಧನೆಗೆ ಕೊಟ್ಟರು. ಅದನ್ನು ಪರೀಕ್ಷಿಸಿದವರು ಅದೇ ವಿಲ್ಲಿ ಸ್ಟುವರ್ಟ್. ವ್ಯಾಸ್ಕ್ಯುಲರ್ ಡಿಮೆನ್ಷಿಯಾ ಜೊತೆಗೆ ಸಿಟಿಇ ಕೂಡ ಇತ್ತು. 2026ರ ಜನವರಿಯಲ್ಲಿ ಉತ್ತರ ಯಾರ್ಕ್‌ಶೈರ್‌ನ ಕರೊನರ್ ತೀರ್ಪು ಕೊಟ್ಟರು. ಸಾವು ನ್ಯುಮೋನಿಯಾದಿಂದ, ಅದರ ಹಿಂದೆ ಈ ಎರಡು ಕಾಯಿಲೆಗಳು. ಆಡುವಾಗ ಪದೇ ಪದೇ ಹೆಡರ್ ಹೊಡೆದದ್ದೂ ಸಿಟಿಇ ಬರಲು ಪಾಲು ಕೊಟ್ಟಿರುವ ಸಂಭವವೇ ಹೆಚ್ಚು ಎಂದರು.

ಇದನ್ನು ವೃತ್ತಿಯ ಕಾಯಿಲೆ ಎಂದು ಸರ್ಕಾರ ಒಪ್ಪಿಕೊಳ್ಳಬೇಕು, ಆರೈಕೆಯ ಖರ್ಚಿಗೆ ನೆರವು ಕೊಡಬೇಕು ಎಂದು ಮಾಜಿ ಆಟಗಾರರ ಕುಟುಂಬಗಳು ವರ್ಷಗಳಿಂದ ಕೇಳುತ್ತಿವೆ. ಅತ್ತ ಸೇಂಟ್ ಮಿರೆನ್‌ನಲ್ಲಿ, ಮೆಕ್ವೀನ್ ಶುರು ಮಾಡಿದ ಜಾಗದಲ್ಲಿ, ಇವತ್ತಿನ ಸೆಂಟರ್ ಹಾಫ್ ಪಂದ್ಯದ ಹಿಂದಿನ ದಿನ ಹೆಡರ್ ಅಭ್ಯಾಸ ಮಾಡಬೇಕಾಗಿಲ್ಲ. ಪಂದ್ಯದ ದಿನ ಕಾರ್ನರ್ ಬಂದಾಗ ಮಾತ್ರ ಮೊದಲು ಹಾರಬೇಕಾದವನು ಈಗಲೂ ಅವನೇ.